ಕಟ್ಟೆಯ ಬೆಳಕಿನಲ್ಲಿ ಎರಡು ಕಾರ್ಡು

ಹಿರಿಯರು ಕೂತು ತೀರ್ಮಾನಿಸಬೇಕಾದಂಥ ಪ್ರಶ್ನೆಗಳು ಇಳಕಲ್ಲಿಗೆ ಅಪರೂಪಕ್ಕೆ ಬರುತ್ತವೆ. ಸೆರಗಿನ ಬಣ್ಣ ಬದಲಿಸಬಹುದೆ, ಅಮಾವಾಸ್ಯೆಗೆ ಮಗ್ಗ ನಿಲ್ಲಿಸಬೇಕೆ, ನಳದ ನೀರು ಯಾವ ಓಣಿಗೆ ಮೊದಲು ಬಿಡಬೇಕು, ಇಂಥವು. ಎರಡು ಸಾವಿರದ ಐದನೆಯ ಇಸವಿಯ ಬೇಸಿಗೆಯಲ್ಲಿ ಇವನ್ನೆಲ್ಲ ಹಿಂದೆ ಹಾಕಿದ ಪ್ರಶ್ನೆಯೊಂದು ಎದ್ದಿತು. ದುಡ್ಡು ತಗೊಂಡು ಹುಡುಗರಿಗೆ ಆಟ ಆಡಿಸುವ ಸಂಜುವಿನ ಅಂಗಡಿಯ ಎಂಟು ಕಂಪ್ಯೂಟರುಗಳಿಗೆ ಹಾಕಬೇಕಾದ ಗ್ರಾಫಿಕ್ಸ್ ಕಾರ್ಡು ಕೆಂಪು ಡಬ್ಬಿಯದೋ, ಹಸಿರು ಡಬ್ಬಿಯದೋ?

ಗ್ರಾಫಿಕ್ಸ್ ಕಾರ್ಡೆಂದರೆ ಅಂಗೈಯಗಲದ ಒಂದು ಹಲಗೆ. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಆಟದ ಚಿತ್ರಗಳನ್ನು ಪರದೆಯ ಮೇಲೆ ಸರಸರನೆ ಬಿಡಿಸಿಕೊಡುವುದು ಅದರ ಕಸುಬು. ಅದು ನಿಧಾನವಾದರೆ ಕಾರು ತಿರುವಿನಲ್ಲಿ ನಿಂತುಬಿಡುತ್ತದೆ. ಆಡುವವನು ಎದ್ದು ಬೇರೆ ಅಂಗಡಿಗೆ ಹೋಗುತ್ತಾನೆ. ಬೇರೆ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೆ ಆಗಲೇ ತೆರೆದಿತ್ತು. ಹೊಸದಾಗಿ ಬಂದ ಕಾರಿನ ಆಟ ಅಲ್ಲಿ ನಡೆಯುತ್ತಿತ್ತು, ಸಂಜುವಿನ ಅಂಗಡಿಯಲ್ಲಿ ನಡೆಯುತ್ತಿರಲಿಲ್ಲ. ಕಾಲೇಜಿನ ಹುಡುಗರು ಇನ್ನೂ ಮರ್ಯಾದೆಗೆಂದು ಇಲ್ಲಿಗೆ ಬರುತ್ತಿದ್ದರು. ಆ ಮರ್ಯಾದೆ ಮಳೆಗಾಲದವರೆಗೆ ಬಾಳುವ ಲಕ್ಷಣವಿರಲಿಲ್ಲ.

ಅಂಗಡಿ ಮುಚ್ಚಿದರೆ ಸಂಜುವಿಗೆ ಇದ್ದದ್ದು ಒಂದೇ ದಾರಿ: ಕಾಕಾ ಚಂದ್ರಶೇಖರಪ್ಪನ ಸೀರೆ ಅಂಗಡಿ. ಮದುವೆಗೆ ಮುಂಚೆ ಅಲ್ಲಿ ಏಳು ವರ್ಷ ಗಾದಿಯ ಮೇಲೆ ಕೂತಿದ್ದ. ಯಾರೋ ಬಂದು ಒಂದು ರಾಶಿ ಸೀರೆ ಬಿಚ್ಚಿಸಿ, ‘ನಮ್ಮ ಅತ್ತಿಗೊಮ್ಮೆ ಕೇಳಿ ಬರ್ತೇವ್ರಿ’ ಎಂದು ಎದ್ದು ಹೋಗುವುದು, ಇವನು ಎಲ್ಲವನ್ನೂ ಮತ್ತೆ ಮಡಚುವುದು. ಈಗ ಮೂವತ್ತಮೂರರ ವಯಸ್ಸಿನಲ್ಲಿ ಅವನ ಮುಖದಲ್ಲಿದ್ದ ದಣಿವಿನ ಅರ್ಧ ಪಾಲು ಆ ಕಾಲದ್ದು.

ಕಂಪ್ಯೂಟರ್ ಅಂಗಡಿಯಿದ್ದದ್ದೂ ಕಾಕಾನದೇ ಮಳಿಗೆಯಲ್ಲಿ. ಆ ಮನೆತನದೊಳಗೆ ನೂಲಾಗಲಿ, ಮರದ ನಾಟಾ ಆಗಲಿ, ಸೊಸೆಯಾಗಲಿ, ಚಂದ್ರಶೇಖರಪ್ಪ ನೋಡಿ ಹೂಂ ಎನ್ನದೆ ಒಳಗೆ ಬರುವ ಪದ್ಧತಿ ಇರಲಿಲ್ಲ. ಬಾಗಲಕೋಟೆಯ ವ್ಯಾಪಾರಿ ಅನಿಲಕುಮಾರನಿಗೂ ಇದು ಗೊತ್ತಿತ್ತು. ಎರಡೂ ಬಗೆಯ ಒಂದೊಂದು ಕಾರ್ಡನ್ನು ಸಂಜುವಿನ ಕೈಗಿಟ್ಟು, “ಸೋಮವಾರದೊಳಗ ಹೇಳ್ರಿ. ನಿಮ್ಮ ಕಾಕಾರನ್ನ ಕೇಳೇ ಹೇಳ್ರಿ. ಒಮ್ಮಿ ಎಂಟು ಕಳಿಸಿದೆ ಅಂದ್ರ ನಾ ವಾಪಸ್ ತಗೊಳ್ಳಾಂವಲ್ಲ,” ಎಂದಿದ್ದ. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ.

ಶನಿವಾರ ಮಧ್ಯಾಹ್ನ ಸಂಜು ಎರಡು ಕಂಪ್ಯೂಟರುಗಳಿಗೆ ಎರಡು ಕಾರ್ಡು ಹಾಕಿ, ಎರಡರಲ್ಲೂ ಅದೇ ಆಟ ಓಡಿಸಿದ. ಹಸಿರು ಡಬ್ಬಿಯ ಕಾರ್ಡಿನಲ್ಲಿ ಕೆಂಪು ಕಾರು ಎಣ್ಣೆ ಹಾಕಿದ ಲಾಳಿಯಂತೆ ಓಡಿತು. ಕೆಂಪು ಡಬ್ಬಿಯದರಲ್ಲಿ ಸುರಂಗದ ಬಾಯಿಗೆ ಬರುತ್ತಲೇ ನಿಂತಿತು, ಯೋಚಿಸಿತು, ಮುಂದೆ ಹೋಯಿತು, ಮತ್ತೆ ನಿಂತಿತು. ಊಟ ಮುಗಿಸಿ ಬಂದ ಕಾಕಾ ಪಂಜೆಯ ಚುಂಗು ಹಿಡಿದು ಎರಡರ ನಡುವೆ ನಿಂತ.

“ಇದರಾಗ ಯಾವ್ದು ಚಲೋ?”

“ಹಸರ ಡಬ್ಬಿದ್ರಿ ಕಾಕಾ.”

“ಯಾರ ಅಂದ್ರು?”

“ಇಲ್ಲಿ ಮೂಲ್ಯಾಗ ನೋಡ್ರಿ, ನಂಬರ್ ಬರಾಕತ್ತೈತಿ. ಒಂದ ಸೆಕೆಂಡಿನ್ಯಾಗ ಎಷ್ಟು ಚಿತ್ರ ತಗೀತೈತಿ ಅನ್ನೂದು. ಹಸರಂದು ನಲವತ್ತರ ಮ್ಯಾಲೈತಿ. ಕೆಂಪಂದು ಇಪ್ಪತ್ತು ದಾಟವಲ್ದು.”

“ಆ ನಂಬರ್ ಯಾರ ಬರ್ಯಾಕತ್ತಾರ?”

“ಯಾರೂ ಇಲ್ರಿ. ಕಂಪ್ಯೂಟರ್ ತಾನ ಬರಕೊಂತೈತಿ.”

“ಪರೀಕ್ಷಾ ಬರಿಯಾಂವನ ಮಾರ್ಕ್ಸೂ ಹಾಕ್ಕೊಂತಾನ ಅನ್ನು,” ಎಂದ ಕಾಕಾ. “ಭಾಳ ಚಲೋ ಸಾಲಿ.”

“ನಂಬರ್ ಬಿಡ್ರಿ. ಕಾರ್ ನೋಡ್ರಿ. ಇದು ಹೆಂಗ ನಿಂತ ನಿಂತ ಹೊಂಟೈತಿ.”

“ಸುರಂಗ ಬಂದ್ರ ನೋಡಕೊಂಡ ಹೋಗಬೇಕಪಾ. ಅದು ಶಾಣ್ಯಾ ಐತಿ.” ಕಾಕಾ ಎರಡೂ ಕಾರ್ಡುಗಳನ್ನು ತೆಗೆಸಿ ಒಂದೊಂದು ಕೈಯಲ್ಲಿಟ್ಟು ತೂಗಿದ. ಕೆಂಪು ಡಬ್ಬಿಯದಕ್ಕೆ ಅಲ್ಯೂಮಿನಿಯಮ್ಮಿನ ದಪ್ಪ ಗಟ್ಟಿಯೊಂದು ಅಂಟಿಸಿದ್ದರು. “ಇದಕ್ಕ ತೂಕೈತಿ. ಆದ್ರ ತೂಕೊಂದ ನೋಡಿ ಹೇಳಾಕ ಬರಂಗಿಲ್ಲ. ನಾಳೆ ಮುಂಜಾನಿ ಎರಡನ್ನೂ ಹೊರಗ ಕಟ್ಟಿ ಮ್ಯಾಲ ತಂದು ಹಚ್ಚು. ಬಣ್ಣದ ಅಬ್ದುಲಸಾಬನ್ನೂ ಕರೀತೇನಿ.”

“ಕಟ್ಟಿ ಮ್ಯಾಲ ಯಾಕ್ರಿ?”

“ಟ್ಯೂಬ್‌ಲೈಟಿನ್ಯಾಗ ಬಣ್ಣ ನೋಡಿ ಮಾಲ್ ತಗೊಂಡಾಂವ ನಮ್ಮ ಮನಿತನದಾಗ ಯಾವನೂ ಇಲ್ಲ.”

ಸೀರೆಯನ್ನು ಹೊಸ್ತಿಲಾಚೆ ತಂದು ಹಗಲ ಬೆಳಕಿಗೆ ಹಿಡಿದು ನೋಡದೆ ಕೊಳ್ಳುವವರು ಇಳಕಲ್ಲಿನಲ್ಲಿ ಇಲ್ಲ. ಹಾಗೆ ಕೊಳ್ಳುವವರು ಬಂದರೆ ಅವರು ಪರವೂರಿನವರು, ಅವರಿಗೆ ಬೇರೆ ಸೀರೆ ತೋರಿಸುತ್ತಾರೆ.

ಕಾಕಾ ಹೋದ ಮೇಲೆ ಸಂಜು ನೆಲಕ್ಕೆ ಕೂತು ಎರಡೂ ಕಾರ್ಡುಗಳನ್ನು ಮತ್ತೆ ಕಂಪ್ಯೂಟರುಗಳೊಳಗೆ ಕೂಡಿಸಿದ. ಅವನಲ್ಲಿದ್ದ ಮಾನಿಟರುಗಳಲ್ಲಿ ಒಂದು ಮಾತ್ರ ಹೊಸದು. ಉಳಿದವು ಅಂಗಡಿ ತೆರೆದಾಗಿನವು. ಅವುಗಳಲ್ಲಿ ಯಾವ ಚಿತ್ರ ಬಂದರೂ ಮೇಲೆ ಗಂಜಿ ಬಳಿದಂತೆ ಮಂಕಾಗಿರುತ್ತಿತ್ತು. ಸಂಜು ಎದ್ದು, ಹಸಿರು ಡಬ್ಬಿಯ ಕಾರ್ಡಿದ್ದ ಕಂಪ್ಯೂಟರಿಗೆ ಹೊಸ ಮಾನಿಟರಿನ ವಾಯರು ಸಿಕ್ಕಿಸಿದ. ಟೈಪಿಂಗ್ ಕಲಿಯುವ ಹುಡುಗಿಯರನ್ನು ಕಳಿಸಿ ಬಂದ ಅವನ ಹೆಂಡತಿ ಚೇತನಾ ಬಾಗಿಲಿಗೆ ಒರಗಿ ನೋಡಿದಳು.

“ಹೊಸಾದು ಅದಕ್ಕ ಯಾಕ ಹಚ್ಚಾಕತ್ತೀರಿ?”

“ಬೆಳಕಿನ್ಯಾಗ ಅದರಾಗಿನ ಕಾರಿನ ಕೆಂಪು ಎದ್ದು ಕಾಣ್ತೈತಿ. ಕಾಕಾ ನಂಬರ್ ನಂಬಂಗಿಲ್ಲ, ಕಣ್ಣನ್ನರ ನಂಬ್ಲಿ.”

“ಬಣ್ಣಕ್ಕೂ ಕಾರ್ಡಿಗೂ ಏನ್ ಸಂಬಂಧ?”

“ಏನೂ ಇಲ್ಲ.”

“ಖರೇದ್ದನ್ನ ಗೆಲ್ಸಾಕ ಸುಳ್ಳು ಹಚ್ಚೀರಿ ಹಂಗಾರ.”

“ಸಣ್ಣದೈತಿ ಬಿಡ.”

“ಸಣ್ಣದಿದ್ರ ಇರ್ಲಿ,” ಎಂದಳು ಚೇತನಾ. “ಕಾಕಾರ ಕಣ್ಣ ದೊಡ್ಡವದಾವು.”

ಮರುದಿನ ಬಿಸಿಲು ಏರುವ ಮೊದಲೇ ಎರಡು ಮಾನಿಟರು, ಎರಡು ಕಂಪ್ಯೂಟರು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತವು. ಒಳಗಿನಿಂದ ಎಳೆದ ವಾಯರು ಹೊಸ್ತಿಲ ಮೇಲೆ ಹಾವಿನಂತೆ ಬಿದ್ದಿತ್ತು. ಹಾಲು ತರಲು ಹೊರಟವರು ನಿಂತರು. ಒಬ್ಬ, “ಏನ್ ಸಂಜಣ್ಣ, ಟಿವಿ ಲಿಲಾವ್ ಇಟ್ಟೀಯೇನು, ರೇಟ್ ಕೂಗೂಣೇನು?” ಎಂದು ಕೇಳಿದ. ಸಂಜು ಎರಡರಲ್ಲೂ ಕೆಂಪು ಕಾರಿನ ಆಟ ಹಚ್ಚಿ ಪಕ್ಕಕ್ಕೆ ಸರಿದ.

ಕಾಕಾನ ಜೊತೆ ಬಂದವನು ಅಬ್ದುಲಸಾಬ. ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದ ಅವನ ಉಗುರುಗಳು ಯಾವ ಸಾಬೂನಿಗೂ ಬಗ್ಗದ ಕೆಂಪು. ಊರಲ್ಲಿ ಎರಡು ಕೆಂಪುಗಳ ನಡುವೆ ಜಗಳ ಬಂದರೆ ಅವನ ಮಾತೇ ಕೊನೆಯದು. ಅವನು ಮೊದಲು ದೂರ ನಿಂತು ನೋಡಿದ, ಆಮೇಲೆ ಹತ್ತಿರ ಬಂದು ನೋಡಿದ, ಅನಂತರ ಅಂಗೈಯಿಂದ ನೆರಳು ಮಾಡಿ ನೋಡಿದ. ಈ ನಡುವೆ ಮಂಕಾದ ಮಾನಿಟರಿನ ಕಾರು ಸುರಂಗದಲ್ಲಿ ಎರಡು ಸಲ ನಿಂತಿತು. ಯಾರೂ ಅದರ ಕಡೆ ಗಮನ ಕೊಡಲಿಲ್ಲ.

“ಕಾಕಾ, ನಿಂತದ್ದು ನೋಡಿದ್ರ್ಯಾ?” ಎಂದ ಸಂಜು.

“ಮಾತಾಡಬ್ಯಾಡ. ಅಬ್ದುಲ ಬಣ್ಣ ನೋಡಾಕತ್ತಾನ.”

ಅಬ್ದುಲಸಾಬ ಹೆಬ್ಬೆರಳನ್ನು ನಾಲಗೆಗೆ ತಾಗಿಸಿ, ಹೊಸ ಮಾನಿಟರಿನ ಗಾಜಿನ ಮೇಲಿದ್ದ ಕೆಂಪು ಕಾರನ್ನು ಗಟ್ಟಿಯಾಗಿ ಒರೆಸಿದ. ಸೀರೆಯ ಬಣ್ಣ ಕೈಗೆ ಹತ್ತುತ್ತದೋ ಇಲ್ಲವೋ ನೋಡುವುದು ಹಾಗೆಯೇ. ಗಾಜಿನ ಮೇಲೆ ಕೂಡಿದ್ದ ಸಣ್ಣ ಕರೆಂಟು ಚಟ್ ಎಂದಿತು. ಅವನು ಕೈ ಹಿಂದಕ್ಕೆಳೆದ.

“ಯಾ ಅಲ್ಲಾ! ಕಚ್ಚತೈತಿದು!”

ನೆರೆದವರು ನಕ್ಕರು. “ಹೊಸಾ ಸೊಸಿ ಗತೆ ಐತಿ ಬಿಡ್ರಿ,” ಎಂದ ಹಾಲಿನವರಲ್ಲೊಬ್ಬ. ಅಬ್ದುಲಸಾಬ ನಗಲಿಲ್ಲ. ಇನ್ನೊಂದನ್ನೂ ಅದೇ ಹೆಬ್ಬೆರಳಿಂದ ಒರೆಸಿದ. ಅದು ಏನೂ ಮಾಡಲಿಲ್ಲ. ಬೆರಳನ್ನು ಬೆಳಕಿಗೆ ಹಿಡಿದು, “ಎರಡೂ ಕೈಗೆ ಹತ್ತವಲ್ವು,” ಎಂದು ನ್ಯಾಯವಾಗಿ ಹೇಳಿ ಕಟ್ಟೆಯ ಮೇಲೆ ಕೂತ.

“ಹೇಳಪಾ,” ಎಂದ ಕಾಕಾ. “ಯಾವ್ದು?”

“ಇದು ಹೊಳೀತೈತ್ರಿ ಚಂದ್ರಶೇಖರಪ್ಪಾರ,” ಎಂದ ಅಬ್ದುಲಸಾಬ, ಹೊಸ ಮಾನಿಟರು ತೋರಿಸಿ. ಸಂಜುವಿನ ಎದೆ ಒಂದಿಷ್ಟು ಹಗುರಾಯಿತು. “ಭಾಳ ಹೊಳೀತೈತಿ. ಮೊದಲ್ನೇ ದಿನ ಇಷ್ಟ ಹೊಳಿಯೂ ಕೆಂಪು ನಾ ಹುಟ್ಟಿದಾಗಿಂದ ನಿಂತದ್ದು ನೋಡಿಲ್ರಿ. ಎರಡ ನೀರ ಬೀಳೂದ್ರಾಗ ಗುಲಾಬಿ ಆಗ್ತೈತಿ. ಈ ಕಡೀದು ನೋಡ್ರಿ, ಮಂಕೈತಿ, ಖರೆ. ಕುಡಿದ ಬಣ್ಣ ಹಂಗ ಇರ್ತೈತಿ. ನೂಲು ಬಣ್ಣ ಕುಡಿದ್ರ ಹೊಳಿಯಂಗಿಲ್ಲ.”

ಕಾಕಾ ತಲೆಯಾಡಿಸಿದ. ಅವನೂ ಆಗಲೇ ಅದನ್ನೇ ಅಂದುಕೊಂಡಿದ್ದ. ಇನ್ನೊಬ್ಬರ ಬಾಯಿಂದ ಬರಲಿ ಎಂದು ಕಾದಿದ್ದ. “ಸೂರತ್ತಿನ ಅಗ್ಗದ ಮಾಲೆಲ್ಲ ಹಿಂಗ ಹೊಳೀತಾವು,” ಎಂದ. “ಮಂಕಿಂದು ಯಾವ ಡಬ್ಬಿದಪಾ ಸಂಜು?”

“ಕೆಂಪು ಡಬ್ಬಿದ್ರಿ.”

“ತೂಕೂ ಇದ್ದದ್ದು ಅದಕ್ಕ. ಮುಗೀತು. ಅದನ್ನ ತರ್ಸು.”

ಸಂಜು ಎರಡು ಪರದೆಗಳ ನಡುವೆ ನಿಂತಿದ್ದ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. ಅವಳು ಹೊಸ್ತಿಲ ಮೇಲಿನ ವಾಯರನ್ನೇ ನೋಡುತ್ತಿದ್ದಳು.

“ಕಾಕಾ,” ಎಂದ. “ಆ ಹೊಳಪು ಕಾರ್ಡಿಂದಲ್ರಿ. ಮಾನಿಟರಿಂದು. ಅದೊಂದ ಹೊಸಾದೈತಿ. ಅದನ್ನ ಇದಕ್ಕ ಹಚ್ಚಿದ್ರ ಇದೂ ಹಂಗ ಹೊಳೀತೈತಿ.”

ಕಾಕಾ ಅವನನ್ನು ನಿಧಾನವಾಗಿ ಮೇಲಿಂದ ಕೆಳಗೆ ನೋಡಿದ.

“ಅದಕ್ಕ ಹೊಸಾದು ಹಚ್ಚಿದಾಂವ ಯಾರು?”

ಸಂಜು ಹೊಸ ಮಾನಿಟರಿನ ಗಾಜಿನ ಮೇಲಿದ್ದ ಹೆಬ್ಬೆರಳ ಗುರುತನ್ನು ಅಂಗಿಯ ತೋಳಿನಿಂದ ಒರೆಸಿದ.

“ನಿನಗ ಬೇಕಾದ ಸೀರಿಗಿ ಚಲೋ ದೀಪಾ ಹಿಡಿದೀ ಅನ್ನು.” ಕಾಕಾನ ದನಿ ಏರಲಿಲ್ಲ, ಅದೇ ಕೆಟ್ಟದ್ದು. “ಏಳ ವರ್ಷ ನನ್ನ ಗಾದಿ ಮ್ಯಾಲ ಕುಂತೀ. ಗಿರಾಕಿಗಿ ಮಾಡೂದನ್ನ ಮನಿಯಾವ್ರಿಗಿ ಮಾಡಬಾರ್ದು ಅಂತ ನಾ ಹೇಳಿ ಕೊಟ್ಟಿದ್ದಿಲ್ಲೇನು?”

“ತಪ್ಪಾತ್ರಿ. ಆದ್ರ ಹಸರಂದ ಚಲೋ ಐತ್ರಿ ಕಾಕಾ. ಖರೇನ ಚಲೋ ಐತಿ. ಇನ್ನೊಮ್ಮಿ ನೋಡೂಣ್ರಿ. ಒಂದ ಮಾನಿಟರಿಗಿ ಎರಡೂ ಹಚ್ಚಿ…”

“ಚಲೋ ಇದ್ದದ್ದಕ್ಕ ಇಷ್ಟೆಲ್ಲ ಯಾಕ ಬೇಕಿತ್ತಪಾ?”

ಅಬ್ದುಲಸಾಬ ಹೆಬ್ಬೆರಳು ತಿಕ್ಕಿಕೊಳ್ಳುತ್ತ, ಕನಿಕರದಿಂದಲೇ, “ಕಚ್ಚಿದಾಗ ನನಗ ಗೊತ್ತಾತ್ರಿ,” ಎಂದ. ಹಾಲಿಗೆ ಹೊರಟವರು ಹಾಲಿಗೆ ಹೋದರು. ಬಿಸಿಲು ಕಟ್ಟೆಗೆ ಬಂದು ಎರಡು ಪರದೆಗಳ ಮೇಲೂ ಬಿತ್ತು. ಈಗ ಯಾವುದರಲ್ಲೂ ಏನೂ ಕಾಣುತ್ತಿರಲಿಲ್ಲ. ಆಟದ ಸದ್ದು ಮಾತ್ರ ಕೇಳುತ್ತಿತ್ತು. ಸಂಜು ಬಗ್ಗಿ ಸ್ವಿಚ್ಚು ಆರಿಸಿದ. ಮಾನಿಟರನ್ನು ಎದೆಗವಚಿಕೊಂಡು ಒಳಗೆ ಹೋದ.

ಸೋಮವಾರ ಅವನು ಬಾಗಲಕೋಟೆಗೆ ಫೋನು ಮಾಡಿ ಎಂಟು ಕೆಂಪು ಡಬ್ಬಿ ಹೇಳಿದ. ಗುರುವಾರ ಅವು ಬಸ್ಸಿನ ಮೇಲೆ ಬಂದವು. ಅವುಗಳ ಮೇಲೆ ಹೊಸ ಆಟ ಸರಾಗವಾಗಿ ನಡೆಯಲಿಲ್ಲ. ಹುಡುಗರು ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋದರು. ಶ್ರಾವಣದಲ್ಲಿ ಸಂಜು ಅಂಗಡಿ ಮುಚ್ಚಿ ಕಾಕಾನ ಸೀರೆ ಅಂಗಡಿಗೆ ಸೇರಿಕೊಂಡ.