ಬಿಂದುವಿನ ಬಾಯಿಗೆ ಕೋಲುಜೇನು

ಹರಿಹರದ ಅಂಬಿಕಾಳ ಮನೆಯಲ್ಲಿ ಹದಿನೈದು ದಿನಗಳಿಂದ ಒಂದೇ ತಕರಾರು. ಕೂಸು ಬಿಂದು ರಾಗಿ ಸರಿ ತಿನ್ನುತ್ತಿರಲಿಲ್ಲ. ಚಮಚ ತುಟಿಗೆ ತಾಗಿಸಿದರೆ ನಾಲಿಗೆಯಿಂದ ಹೊರಗೆ ತಳ್ಳುತ್ತಿತ್ತು. ಒಮ್ಮೊಮ್ಮೆ ಬಾಯಲ್ಲಿಟ್ಟುಕೊಂಡು, ಏನೋ ಯೋಚನೆ ಮಾಡುವ ಹಾಗೆ ಸುಮ್ಮನಿದ್ದು, ಆಮೇಲೆ ನಿಧಾನವಾಗಿ ಗದ್ದದ ಮೇಲೆ ಇಳಿಯಬಿಡುತ್ತಿತ್ತು.

ಆರು ತಿಂಗಳು ತುಂಬುವವರೆಗೆ ಬಿಂದುವಿಗೆ ತಾಯಿಯ ಹಾಲೊಂದೇ. ಆರು ತುಂಬಿದ ಮೇಲೆ ಆಶಾ ಕಾರ್ಯಕರ್ತೆ ಗಿರಿಯಮ್ಮ ಮನೆಗೆ ಬಂದು, ಇನ್ನು ಎದೆಹಾಲಿನ ಜೊತೆಗೆ ಮೆತ್ತಗಿನ ಊಟ ಶುರು ಮಾಡಿರಿ ಎಂದು ಹೇಳಿ, ಸರಿ ಕಾಸುವುದನ್ನೂ ತೋರಿಸಿ ಹೋಗಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ್ದರು. ವರ್ಷ ತುಂಬುವ ತನಕ ಜೇನುತುಪ್ಪ ನೆಕ್ಕಿಸಬೇಡಿ, ಬೆಲ್ಲ ಸಕ್ಕರೆಯೂ ಈಗ ಬೇಡ.

ಆ ಮಾತು ಅಂಬಿಕಾಳ ತಾಯಿ ಮೈಲಮ್ಮನಿಗೆ ಹಿಡಿಸಲಿಲ್ಲ. ಮಗಳ ಹೆರಿಗೆ ರಜೆ ಮುಗಿದಿತ್ತು. ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟರೆ ಕೂಸನ್ನು ನೋಡಿಕೊಳ್ಳುವವರು ಬೇಕೆಂದು ಮೈಲಮ್ಮ ಕುಕ್ಕುವಾಡದಿಂದ ಬಂದಿದ್ದಳು. ನಾಲ್ಕು ಮಕ್ಕಳನ್ನು ಹೆತ್ತು ಸಾಕಿದವಳು. ನಾಲ್ವರಿಗೂ ಜೇನು ನೆಕ್ಕಿಸಿದ್ದಳು. ನಾಲ್ವರೂ ಗಟ್ಟಿಯಾಗಿ ಬೆಳೆದಿದ್ದರು. ಅಂಬಿಕಾ ಅವರಲ್ಲಿ ಕೊನೆಯವಳು.

ಬರುವಾಗ ಅವಳ ಚೀಲದಲ್ಲಿ ಒಂದು ಸಣ್ಣ ಗಾಜಿನ ಬಾಟಲಿಯಿತ್ತು. ಗಂಡ ತಿಪ್ಪೇರುದ್ರಪ್ಪ ಹೊಲದ ಬದುವಿನ ಪೊದೆಯಲ್ಲಿ ಕಟ್ಟಿದ್ದ ಕೋಲುಜೇನನ್ನು ಬಿಡಿಸಿ, ಬಟ್ಟೆಯಲ್ಲಿ ಹಿಂಡಿ, ಮೊಮ್ಮಗಳಿಗೆಂದೇ ಕಳಿಸಿದ್ದ. ಅಂಗಡಿಯ ಸರಕಲ್ಲ. ಬೆರಕೆಯಿಲ್ಲ. ಬಿಸಿಲಿಗೆ ಹಿಡಿದರೆ ಬಂಗಾರದ ಹಾಗೆ ಹೊಳೆಯುತ್ತಿತ್ತು.

ಅಂಬಿಕಾ ಕೆಲಸಕ್ಕೆ ಹೋಗತೊಡಗಿದ ಎರಡನೇ ದಿನ ಮೈಲಮ್ಮ ಆ ಬಾಟಲಿಯ ಮುಚ್ಚಳ ತೆಗೆದಳು. ಬಿಸಿ ಸರಿಗೆ ಅರ್ಧ ಚಮಚ ಬೆರೆಸಿ ಬಿಂದುವಿನ ತುಟಿಗೆ ಹಿಡಿದಳು. ಕೂಸಿನ ಕಣ್ಣು ಅಗಲವಾದವು. ಕೈಕಾಲು ಬಡಿಯುತ್ತ ಇನ್ನಷ್ಟು ಬೇಕೆಂದು ಬಾಯಿ ತೆರೆಯಿತು. ಬಟ್ಟಲು ಖಾಲಿಯಾಯಿತು. ಮೈಲಮ್ಮನಿಗೆ ಗೆದ್ದಷ್ಟು ಖುಷಿ. ಸಂಜೆ ಮಗಳು ಬಂದು ಕೇಳಿದಾಗ, ಈಗ ಚೆನ್ನಾಗಿ ತಿಂತಾಳೆ ಎಂದಷ್ಟೇ ಹೇಳಿದಳು. ಹೇಗೆ ತಿನ್ನುತ್ತಾಳೆಂದು ಹೇಳಲಿಲ್ಲ. ಬಾಟಲಿ ಅಕ್ಕಿ ಡಬ್ಬಿಯ ಹಿಂದೆ ಉಳಿಯಿತು.

ಎರಡು ವಾರ ಕಳೆಯಿತು. ಮೊದಲು ಕೂಸಿಗೆ ಹೊಟ್ಟೆ ಕಟ್ಟಿತು. ನಾಲ್ಕು ದಿನವಾದರೂ ಕಕ್ಕ ಮಾಡಲಿಲ್ಲ. ಹೊಸ ಊಟ, ಹೀಗಾಗುತ್ತದೆ ಎಂದು ಮೈಲಮ್ಮ ಹೊಟ್ಟೆಗೆ ಬೆಚ್ಚಗೆ ಎಣ್ಣೆ ಸವರಿದಳು. ಐದನೇ ದಿನ ಬೆಳಗ್ಗೆ ಅಂಬಿಕಾ ಹಾಲು ಕುಡಿಸಲು ಕೂತಾಗ ಕೂಸು ಎದೆಯನ್ನು ಬಾಯಿಗೆ ತೆಗೆದುಕೊಂಡಿತು, ಆದರೆ ಚೀಪಲಿಲ್ಲ. ಹಾಲು ಬಾಯಿಯ ಅಂಚಿನಿಂದ ಸುರಿಯಿತು. ರೆಪ್ಪೆಗಳು ಅರ್ಧ ಮುಚ್ಚಿದ್ದವು. ಅಳು ಬಂದರೂ ದನಿ ಏಳಲಿಲ್ಲ. ದೂರದ ಮನೆಯಲ್ಲಿ ಯಾವುದೋ ಬೆಕ್ಕಿನ ಮರಿ ಕೂಗಿದಂತೆ ಕೇಳಿಸಿತು.

ದೃಷ್ಟಿಯಾಗಿದೆ, ನಿವಾಳಿಸುತ್ತೇನೆ ಎಂದು ಮೈಲಮ್ಮ ಒಳಗೆ ಹೋದಳು. ಅಂಬಿಕಾಳ ಗಂಡ ಅಂಜನ್ ಕುಮಾರ್ ವರ್ಕ್‌ಶಾಪಿಗೆ ಹೊರಟವನು ಚಪ್ಪಲಿ ಬಿಟ್ಟು, ಕೂಸನ್ನು ಎತ್ತಿಕೊಂಡ. ಕತ್ತು ಹಿಂದಕ್ಕೆ ಜೋತುಬಿತ್ತು. ಮೂರು ತಿಂಗಳಿಂದ ನೆಟ್ಟಗೆ ನಿಲ್ಲುತ್ತಿದ್ದ ಕತ್ತು ಅದು. ಅವನು ಗಿರಿಯಮ್ಮನಿಗೆ ಫೋನ್ ಮಾಡಿದ.

ಗಿರಿಯಮ್ಮ ಎರಡು ಬೀದಿ ಆಚೆಯವರು. ಓಡುತ್ತಲೇ ಬಂದರು. ಕೂಸಿನ ಕೈಯನ್ನು ಎತ್ತಿ ಬಿಟ್ಟು ನೋಡಿದರು. ಅದು ಹಾಗೇ ಕೆಳಗೆ ಬಿತ್ತು. ಅವರು ಯಾರನ್ನೂ ಏನೂ ಕೇಳದೆ ಮೊದಲು 108ಕ್ಕೆ ಕರೆ ಮಾಡಿದರು. ಆಮೇಲೆ ಎಲ್ಲರ ಮುಖ ನೋಡಿ, ಕೂಸಿಗೆ ಜೇನುತುಪ್ಪ ಏನಾದರೂ ಕೊಟ್ಟಿದ್ದೀರಾ ಎಂದು ಕೇಳಿದರು.

ಅಂಬಿಕಾ ಇಲ್ಲ ಎಂದಳು. ಮೈಲಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಒಳಗೆ ಹೋಗಿ ಕೂಸಿನ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಹರಿಹರದಿಂದ ದಾವಣಗೆರೆಗೆ ಹೆಚ್ಚು ದೂರವಿಲ್ಲ. ಆ ದಿನ ಮೈಲಮ್ಮನಿಗೆ ಆ ದಾರಿ ಮುಗಿಯಲೇ ಇಲ್ಲ. ಆಂಬುಲೆನ್ಸಿನಲ್ಲಿ ಮಗಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದಳು. ಕೊಟ್ಟದ್ದು ಎರಡೇ ವಾರ, ಅದೂ ಅರ್ಧ ಚಮಚ, ಜೇನಿನಿಂದ ಇದೆಲ್ಲ ಆಗುವುದುಂಟೇ ಎಂದು ತನಗೆ ತಾನೇ ಹೇಳಿಕೊಂಡಳು. ಗಿರಿಯಮ್ಮ ಮೊದಲು ಜೇನಿನ ಮಾತನ್ನೇ ಯಾಕೆ ಎತ್ತಿದರು ಎಂಬುದು ಮಾತ್ರ ಬಿಟ್ಟೂಬಿಡದೆ ಕಾಡಿತು. ಮನೆಯಲ್ಲಿ ಯಾರೂ ನೋಡದ್ದನ್ನು ಆ ಹೆಂಗಸು ಕೂಸಿನ ಮೈ ನೋಡಿ ಹೇಗೆ ಓದಿಬಿಟ್ಟಳು?

ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಡಾಕ್ಟರ್ ಚೈತ್ರಾ ಬಿಂದುವಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಉಸಿರು ಎಣಿಸಿದರು. ಹಲವು ಕಾಯಿಲೆಗಳಲ್ಲಿ ಕೂಸು ಹೀಗೆ ಸೋಲುತ್ತದೆ, ಯಾವುದೆಂದು ಬೇಗ ತಿಳಿದಷ್ಟೂ ಒಳ್ಳೆಯದು ಎಂದರು. ಕಳೆದ ತಿಂಗಳಲ್ಲಿ ಕೂಸಿನ ಬಾಯಿಗೆ ಹೋದದ್ದನ್ನೆಲ್ಲ ಹೇಳಿ ಎಂದು ಅಂಬಿಕಾಳನ್ನು ಕೇಳಿದರು. ಅಂಬಿಕಾ ಹೇಳುತ್ತ ಹೋದಳು. ಎದೆಹಾಲು, ರಾಗಿ ಸರಿ, ಕಾಸಿ ಆರಿಸಿದ ನೀರು.

ಮೈಲಮ್ಮ ಮುಂದೆ ಬಂದಳು.

"ಅಷ್ಟೇ ಅಲ್ರಿ ಡಾಕ್ಟ್ರಮ್ಮ. ಸರಿಗೆ ಜೇನು ಹಾಕೀನಿ. ನಾನೇ ಹಾಕೀನಿ. ಮಗಳಿಗೆ ಗೊತ್ತಿಲ್ಲ."

ಅಂಬಿಕಾ ತಿರುಗಿ ತಾಯಿಯ ಮುಖ ನೋಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಮೈಲಮ್ಮನಿಗೆ ಅನ್ನಿಸಿತು.

ಡಾಕ್ಟರ್ ಬರೆಯುತ್ತಿದ್ದ ಕೈ ನಿಲ್ಲಿಸಿದರು. "ಹೇಳಿದ್ದು ಒಳ್ಳೇದಾತು ಅಜ್ಜಿ. ಇದರಿಂದ ನಮಗೆ ದಾರಿ ಸಿಕ್ತು," ಎಂದರು.

ಬಿಂದುವನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ಮೂಗಿನಲ್ಲಿ ಸಣ್ಣ ನಳಿಕೆ ಹಾಕಿದರು. ಉಸಿರು ಸೋತರೆ ಕೈಗೆ ಸಿಗಲೆಂದು ಪಕ್ಕದಲ್ಲೇ ಯಂತ್ರವನ್ನು ಸಿದ್ಧವಾಗಿಟ್ಟರು. ಪರೀಕ್ಷೆಗೆ ಕಳಿಸಿದ್ದ ಮಲದ ಮಾದರಿಯ ಫಲಿತಾಂಶ ಬಂದ ಮೇಲೆ ಡಾಕ್ಟರ್ ಅಂದುಕೊಂಡದ್ದೇ ನಿಜವಾಯಿತು. ಕೂಸುಗಳಿಗೆ ಬರುವ ಬಾಟುಲಿಸಂ, ಜೇನಿನಿಂದ ಬರಬಹುದಾದ ವಿಷದ ಕಾಯಿಲೆ.

ಮರುದಿನ ಮಧ್ಯಾಹ್ನ ಡಾಕ್ಟರ್ ಬಿಡುವು ಮಾಡಿಕೊಂಡು ಗಂಡ, ಹೆಂಡತಿ, ಅಜ್ಜಿ ಮೂವರನ್ನೂ ಕೂಡಿಸಿಕೊಂಡರು. ಜೇನು ಬೆರಕೆಯದ್ದೇನೂ ಅಲ್ಲ, ಬಿಸಿ ಸರಿಗೇ ಹಾಕಿದ್ದೆ, ಅದರಲ್ಲಿ ವಿಷ ಎಲ್ಲಿಂದ ಬಂತು ಎಂದು ಮೈಲಮ್ಮ ಕೇಳಿದಳು.

"ಜೇನು ಚೊಕ್ಕದ್ದೇ ಅಜ್ಜಿ," ಎಂದರು ಡಾಕ್ಟರ್. "ಆದ್ರೆ ಮಣ್ಣಿನಾಗೆ ಒಂದು ಸೂಕ್ಷ್ಮಾಣು ಇರ್ತೈತೆ. ಅದು ಬೀಜದ ಹಾಗೆ ಮುದುಡಿಕೊಂಡು ಮಲಗಿರ್ತೈತೆ. ಗಾಳಿ, ಹೂವು, ಜೇನ್ನೊಣದ ಕಾಲು, ಹೆಂಗೋ ಜೇನಿಗೆ ಬಂದು ಸೇರ್ತೈತೆ. ಕಣ್ಣಿಗೆ ಕಾಣಲ್ಲ, ರುಚಿಗೆ ತಿಳಿಯಲ್ಲ. ನಮ್ಮ ಒಲೆ ಮೇಲೆ ಕುದಿಸಿದ್ರೂ ಸಾಯಲ್ಲ."

ನೀವೂ ನಾನೂ ತಿಂದರೆ ಏನೂ ಆಗುವುದಿಲ್ಲ ಎಂದು ಅವರು ವಿವರಿಸಿದರು. ದೊಡ್ಡವರ ಕರುಳಿನಲ್ಲಿ ಒಳ್ಳೆಯ ಸೂಕ್ಷ್ಮಾಣುಗಳು ಕೋಟಿಗಟ್ಟಲೆ ನೆಲೆಯಾಗಿರುತ್ತವೆ. ಹೊರಗಿನಿಂದ ಬಂದ ಆ ಬೀಜಕ್ಕೆ ಮೊಳೆಯಲು ಅವು ಜಾಗ ಕೊಡುವುದಿಲ್ಲ. ವರ್ಷದೊಳಗಿನ ಕೂಸಿನ ಕರುಳು ಈಗಷ್ಟೇ ಹದ ಮಾಡಿದ ಹೊಲದ ಹಾಗೆ, ಬಿದ್ದದ್ದು ಮೊಳೆಯುತ್ತದೆ. ಮೊಳೆತು ವಿಷ ಬಿಡುತ್ತದೆ. ಆ ವಿಷ ನರದ ತುದಿಗಳನ್ನು ಹಿಡಿದುಬಿಡುತ್ತದೆ. ಆಗ ಕೈಗೆ, ಕತ್ತಿಗೆ, ರೆಪ್ಪೆಗೆ ಮಿದುಳಿನ ಅಪ್ಪಣೆ ತಲುಪುವುದಿಲ್ಲ.

ತನ್ನ ನಾಲ್ಕು ಮಕ್ಕಳಿಗೆ ಏನೂ ಆಗಲಿಲ್ಲವಲ್ಲ ಎಂದು ಮೈಲಮ್ಮ ಮೆಲ್ಲಗೆ ಕೇಳಿದಳು. ಈ ಕಾಯಿಲೆ ಅಪರೂಪದ್ದು, ಎಲ್ಲ ಜೇನಿನಲ್ಲೂ ಆ ಬೀಜ ಇರುವುದಿಲ್ಲ, ನಿಮ್ಮ ಮಕ್ಕಳು ತಪ್ಪಿಸಿಕೊಂಡರು ಎಂದರು ಡಾಕ್ಟರ್. ಯಾವ ಬಾಟಲಿಯಲ್ಲಿದೆ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಅದಕ್ಕೇ ವರ್ಷದೊಳಗೆ ಒಂದು ಹನಿಯೂ ಬೇಡ ಎನ್ನುವುದು.

ಮೈಲಮ್ಮ ಕೇಳುತ್ತ ಕೂತಳು. ಜೀವಮಾನವಿಡೀ ಬೀಜ ಬಿತ್ತಿದವಳು. ಕುದಿಯುವ ನೀರಿನಲ್ಲೂ ಸಾಯದ ಬೀಜವೊಂದಿದೆ, ಅದು ತನ್ನ ಅಂಗೈಯ ಚಮಚದಲ್ಲೇ ಇತ್ತು ಎಂಬುದು ಅವಳ ಎಣಿಕೆಗೆ ನಿಲುಕಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಆ ನರ ಮತ್ತೆ ಸರಿ ಹೋಗ್ತಾವೇನ್ರಿ?"

"ಹಿಡಿದ ತುದಿ ಸುಮ್ಮನಾಗ್ತೈತೆ ಅಜ್ಜಿ. ಆದ್ರೆ ಅದೇ ನರ ಪಕ್ಕದಿಂದ ಹೊಸ ತುದಿ ಚಿಗುರಿಸ್ತೈತೆ. ತಾನಾಗೇ. ನಾವು ಮಾಡೋದು ಇಷ್ಟೇ, ಅದು ಚಿಗುರೋ ತನಕ ಕೂಸಿನ ಉಸಿರು, ಹೊಟ್ಟೆ ಎರಡನ್ನೂ ಕಾಯೋದು."

ಕಡಿದ ಕಬ್ಬಿನ ಬುಡದಿಂದ ಕೂಳೆ ಚಿಗುರುವುದನ್ನು ಮೈಲಮ್ಮ ಎಷ್ಟು ಸಲ ನೋಡಿಲ್ಲ! ಗೇಣುದ್ದದ ಕೈಯೊಳಗೆ, ಕೂದಲಿಗಿಂತ ಸಣ್ಣ ನರವೂ ಹಾಗೇ ಚಿಗುರುತ್ತದೆ ಎಂದರೆ! ಅವಳು ಗಾಜಿನ ಕಿಟಕಿಯ ಬಳಿ ಹೋಗಿ ನಿಂತು, ಮಲಗಿದ್ದ ಆ ಪುಟ್ಟ ಮೈಯನ್ನು ಮೊದಲ ಸಲ ಕಾಣುವಂತೆ ನೋಡಿದಳು.

ದಿನಗಳು ಹೋದವು. ಅಂಬಿಕಾ ಮೂರು ತಾಸಿಗೊಮ್ಮೆ ಎದೆಹಾಲನ್ನು ಸ್ಟೀಲ್ ಲೋಟಕ್ಕೆ ಹಿಂಡಿ ಕೊಡುತ್ತಿದ್ದಳು. ನರ್ಸ್ ಅದನ್ನು ನಳಿಕೆಯಲ್ಲಿ ಹನಿಹನಿಯಾಗಿ ಇಳಿಸುತ್ತಿದ್ದರು. ಲೋಟ ತೊಳೆಯುವ ಕೆಲಸ ಮೈಲಮ್ಮನದು. ತಾಯಿ ಮಗಳ ನಡುವೆ ಮಾತು ಕಡಿಮೆಯಾಗಿತ್ತು. ಒಂದು ಬೆಳಗ್ಗೆ ನಲ್ಲಿಯ ಹತ್ತಿರ ಮೈಲಮ್ಮ ಲೋಟದ ತಳದಲ್ಲಿ ಉಳಿದ ಹನಿಯನ್ನು ಬೆರಳಿನಿಂದ ನಾಲಿಗೆಗೆ ಹಚ್ಚಿಕೊಂಡಳು. ನಾಲ್ಕು ಮಕ್ಕಳಿಗೆ ಹಾಲೂಡಿಸಿದವಳು ಅದರ ರುಚಿ ನೋಡಿರಲೇ ಇಲ್ಲ.

ಸಿಹಿಯಿತ್ತು. ಹಸುವಿನ ಹಾಲಿಗಿಂತ ಹೆಚ್ಚು ಸಿಹಿ.

ಅವಳು ಲೋಟ ಹಿಡಿದುಕೊಂಡೇ ಮಗಳ ಹತ್ತಿರ ಬಂದಳು. "ಇದರಾಗೇ ಸಿಹಿ ಐತಲ್ಲೇ ಅಂಬಿಕಾ," ಎಂದಳು. "ನಾನು ಮತ್ತೊಂದು ಸಿಹಿ ಹುಡುಕಿಕೊಂಡು ಹೋದೆ." ಅಂಬಿಕಾ ತಾಯಿಯ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡಳು. ಅಂದು ಇಬ್ಬರೂ ಅತ್ತರು.

ಹನ್ನೊಂದನೇ ದಿನ ಬಿಂದುವಿನ ರೆಪ್ಪೆ ಪೂರ್ತಿ ತೆರೆಯಿತು. ಹದಿನೈದನೇ ದಿನ ಅಂಜನ್ ಕುಮಾರ್ ಬೆರಳು ಕೊಟ್ಟಾಗ ಹಿಡಿಯಿತು. ಆಮೇಲೊಂದು ಮಧ್ಯಾಹ್ನ, ವಾರ್ಡಿನ ಆಚೆಯವರಿಗೂ ಕೇಳುವಂತೆ ಅತ್ತಿತು. ಆ ಅಳು ಕೇಳಿ ನರ್ಸುಗಳು ನಕ್ಕರು. ಮೈಲಮ್ಮ ಕೈ ಮುಗಿದು ನಿಂತುಬಿಟ್ಟಳು. ಯಾರಿಗೆ ಮುಗಿದದ್ದೆಂದು ಅವಳಿಗೂ ಗೊತ್ತಿರಲಿಲ್ಲ. ತಿಂಗಳು ತುಂಬುವ ಹೊತ್ತಿಗೆ ನಳಿಕೆ ತೆಗೆದರು. ಬಿಂದು ತಾಯಿಯ ಎದೆಗೆ ಬಾಯಿ ಹಾಕಿ, ಶಬ್ದ ಮಾಡುತ್ತ ಚೀಪಿತು.

ಮನೆಗೆ ಬಂದ ಮೇಲೆ ಊಟದ ಪ್ರಶ್ನೆ ಮತ್ತೆ ಎದ್ದಿತು. ಜೇನು ಬೇಡ, ಸರಿ. ಅಂಜನ್ ಕುಮಾರ್ ದಾವಣಗೆರೆಯ ಅಂಗಡಿಯಿಂದ ಖರ್ಜೂರದ ಪಾಕದ ಸೀಸೆ ತಂದಿದ್ದ. ಮೇಲೆ ನೈಸರ್ಗಿಕ ಎಂದು ಬರೆದಿತ್ತು. ಬೆಲ್ಲದಲ್ಲಿ ಕಬ್ಬಿಣದ ಅಂಶ ಇದೆಯಂತಲ್ಲ, ಅದಾದರೂ ಆಗಬಹುದಲ್ಲ ಎಂದು ಗಿರಿಯಮ್ಮನನ್ನು ಕೇಳಿದ.

"ಜೇನಿನ ಭಯ ಬೇರೆ, ಇದರ ತೊಂದರೆ ಬೇರೆ ಕಣ್ರಿ," ಎಂದರು ಗಿರಿಯಮ್ಮ. "ಬೆಲ್ಲ ಆಗ್ಲಿ, ಪಾಕ ಆಗ್ಲಿ, ಕಲ್ಲುಸಕ್ಕರೆ ಆಗ್ಲಿ, ಕೂಸಿನ ಮೈಗೆ ಎಲ್ಲಾ ಸಕ್ಕರೆನೇ. ಬರೋ ಹಲ್ಲು ಹುಳುಕಾಗ್ತಾವೆ. ಮುಷ್ಟಿಯಷ್ಟು ಹೊಟ್ಟೆ ಸಿಹಿಗೇ ತುಂಬಿದ್ರೆ ಬೇಳೆ, ಸೊಪ್ಪು, ಮೊಟ್ಟೆಗೆ ಜಾಗ ಎಲ್ಲೈತೆ? ಬೆಲ್ಲದಾಗಿನ ಕಬ್ಬಿಣ ಕೂಸಿಗೆ ಏನೇನೂ ಸಾಲಲ್ಲ. ಎರಡು ವರ್ಷ ತುಂಬೋ ತನಕ ಬ್ಯಾಡ್ರಿ."

ಹಾಗಾದರೆ ತಿನ್ನಿಸುವುದು ಹೇಗೆ ಎಂದು ಮೈಲಮ್ಮ ಕೇಳಿದಳು. ಕೂಸು ಉಗುಳಿದರೆ ಬೇಡವೆಂದಲ್ಲ ಎಂದರು ಗಿರಿಯಮ್ಮ. ಅದರ ನಾಲಿಗೆ ಕಲಿಯುತ್ತಿರುತ್ತದೆ. ಒಂದು ಹೊಸ ರುಚಿಯನ್ನು ಎಂಟು ಹತ್ತು ಸಲ ನೋಡಿದ ಮೇಲೆಯೇ ಕೂಸು ಅದನ್ನು ತನ್ನದು ಮಾಡಿಕೊಳ್ಳುವುದು. ತಾಯಿ ಉಂಡ ಸಾರು, ಪಲ್ಯದ ಪರಿಮಳ ಹೊಟ್ಟೆಯಲ್ಲಿರುವಾಗಲೇ ಅದಕ್ಕೆ ತಲುಪಿರುತ್ತದೆ, ಎದೆಹಾಲಿನಲ್ಲೂ ತಲುಪುತ್ತದೆ. ಕೂಸು ಏನೂ ತಿಳಿಯದೆ ಬಂದದ್ದಲ್ಲ.

ಮೈಲಮ್ಮ ಸಿಹಿಗುಂಬಳದ ಹೋಳನ್ನು ಬೇಯಿಸಿ ನುಣ್ಣಗೆ ಕಿವುಚಿ ಸರಿಗೆ ಸೇರಿಸಿದಳು. ಮೊದಲ ದಿನ ಬಿಂದು ಮುಖ ಸಿಂಡರಿಸಿತು. ಮರುದಿನವೂ ಅಷ್ಟೇ. ಮೈಲಮ್ಮ ಒತ್ತಾಯ ಮಾಡಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಒಂದು ದಿನ ಬಾಳೆಹಣ್ಣು, ಒಂದು ದಿನ ಬೇಳೆಕಟ್ಟಿನಲ್ಲಿ ಮೆತ್ತಗೆ ಕಿವುಚಿದ ಅನ್ನ. ಒಂಬತ್ತನೇ ಸಲ ಕುಂಬಳದ ಚಮಚ ಎತ್ತಿದಾಗ ಕೂಸು ಅದನ್ನು ದಿಟ್ಟಿಸಿತು, ಆಮೇಲೆ ಮುಂದಕ್ಕೆ ಬಗ್ಗಿ ತಾನಾಗಿ ಬಾಯಿ ತೆರೆಯಿತು. ಸಿಹಿ ಹಾಕದ ಊಟವನ್ನು ಒಂದು ಜೀವ ತಾನೇ ಒಪ್ಪಿಕೊಳ್ಳುವುದನ್ನು ಮೈಲಮ್ಮ ಚಮಚ ಹಿಡಿದುಕೊಂಡೇ ನೋಡುತ್ತ ಉಳಿದಳು. ಎರಡನೇ ತುತ್ತು ಕೊಡುವುದನ್ನೂ ಮರೆತಳು. ಕೂಸೇ ಕೈ ಬಡಿದು ಕೇಳಿತು.

ಹಬ್ಬಕ್ಕೆ ಊರಿಗೆ ಹೋದಾಗ ಕುಕ್ಕುವಾಡದ ಸ್ವಸಹಾಯ ಸಂಘದ ಸಭೆಯಲ್ಲಿ ಮೈಲಮ್ಮ ಎದ್ದು ನಿಂತಳು. ಸಭೆಯಲ್ಲಿ ಮಾತಾಡಿದವಳಲ್ಲ. "ನನ್ನ ಕೈಯಾರೆ ಕೊಟ್ಟಿದ್ದೆ," ಎಂದು ಶುರು ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು, ಮಗಳಿಂದ ಮುಚ್ಚಿಟ್ಟದ್ದನ್ನೂ ಹೇಳಿದಳು. ಎಂಟು ತಿಂಗಳ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ ಒಬ್ಬಳು ಸಭೆ ಮುಗಿದ ಮೇಲೆ ಹತ್ತಿರ ಬಂದು, ನಾನೂ ನಿನ್ನೆ ನೆಕ್ಕಿಸಿದೆ, ಈಗೇನು ಮಾಡಲಿ ಎಂದು ಪಿಸುಗುಟ್ಟಿದಳು. ಹೆದರಬೇಡ, ಇನ್ನು ಕೊಡಬೇಡ, ಕೂಸನ್ನು ಗಮನಿಸುತ್ತಿರು ಎಂದ ಮೈಲಮ್ಮ, ಅವಳನ್ನು ತಾನೇ ಆಶಾ ಕಾರ್ಯಕರ್ತೆಯ ಮನೆಗೆ ಕರೆದುಕೊಂಡು ಹೋದಳು.

ಈ ಕಥೆ ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ಅಜ್ಜಿಯರೇ, ಅಪ್ಪಂದಿರೇ, ಮೊದಲ ಆರು ತಿಂಗಳು ಕೂಸಿಗೆ ಎದೆಹಾಲು ಸಾಕು, ನೀರೂ ಬೇಡ. ವರ್ಷ ತುಂಬುವವರೆಗೆ ಜೇನು ನಾಲಿಗೆಗೆ ತಾಗಿಸಬೇಡಿ, ಕುದಿಸಿಯೂ ಬೇಡ, ಔಷಧಿಯ ಜೊತೆಗೂ ಬೇಡ, ಶಾಸ್ತ್ರಕ್ಕೂ ಬೇಡ. ಬೆಲ್ಲ, ಸಕ್ಕರೆ, ಪಾಕ, ಗಿಡದಿಂದ ತೆಗೆದದ್ದೆಂದು ಮಾರುವ ಸಿಹಿ ಪುಡಿ, ಇವಕ್ಕೆ ಎರಡು ವರ್ಷ ಕಾಯಿರಿ. ಸಿಹಿ ಬೇಕೆನಿಸಿದರೆ ಕಿವುಚಿದ ಬಾಳೆಹಣ್ಣು, ಪಪ್ಪಾಯಿ, ಬೇಯಿಸಿದ ಕುಂಬಳ, ಗೆಣಸು ಇವೆ. ಕೂಸಿಗೆ ಹೊಟ್ಟೆ ಕಟ್ಟಿ, ಚೀಪುವುದು ಸೋತು, ಅಳು ಸಣ್ಣದಾಗಿ, ಕತ್ತು ಜೋತರೆ ಒಂದು ಗಳಿಗೆಯೂ ಕಾಯಬೇಡಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಡಾಕ್ಟರು ಏನು ಕೊಟ್ಟಿರಿ ಎಂದು ಕೇಳಿದಾಗ, ಕೊಟ್ಟದ್ದನ್ನು ಕೊಟ್ಟೆ ಎಂದು ಹೇಳಿಬಿಡಿ. ಕೂಸಿಗೆ ಹೇಳಲು ಬಾರದು. ಅದರ ಪರವಾಗಿ ಹೇಳಬೇಕಾದವರು ನೀವೇ.