ಡಬ್ಬಿಯೊಳಗಿನ ತಮ್ಮ

ಚಮಚ ಬಿತ್ತು, ಯಾರದೋ ಕೈಜಾರಿ, ನೆಲಕ್ಕೆ ತಾಗಿ ಟಣ್ ಎಂದು ಒಮ್ಮೆ ಕುಪ್ಪಳಿಸಿ ಸುಮ್ಮನಾಯಿತು, ಬೀಳಲಿ, ಕಾಫಿ ಅಂಗಡಿಯಲ್ಲಿ ಹಾಡಲು ಒಪ್ಪಿಕೊಂಡ ಮೇಲೆ ಚಮಚಕ್ಕೆ ಹೆದರಿದರೆ ಆದೀತೇ, ಕಪ್ ಬಸಿಗಳ ಸದ್ದು, ಹಾಲಿಗೆ ನೊರೆ ಬರಿಸುವ ಯಂತ್ರದ ಬುಸುಬುಸು, ಬಾಗಿಲು ತೆಗೆದಾಗಲೆಲ್ಲ ಕಿಣಿಗುಟ್ಟುವ ಗಂಟೆ, ಇವೆಲ್ಲ ನಮ್ಮ ಹಾಡಿನ ಬಂಧುಬಳಗ ಕಣಕ್ಕಾ ಎಂದು ತಮ್ಮ ಹೇಳುತ್ತಿದ್ದ, ಆಗ ಅವನಿಗೆ ಹೇಳುವುದಕ್ಕೆ ಗಂಟಲಿತ್ತು – ಅವಳು ಕಣ್ಣು ಮುಚ್ಚಿ ಗಿಟಾರಿನ ತಂತಿ ಮೀಟುತ್ತ ತನ್ನ ಸಾಲಿಗಾಗಿ ಕಾಯುತ್ತಾಳೆ, ಕಾಲ ಬಳಿಯ ಡಬ್ಬಿಯಿಂದ, ಹಿಂದೊಮ್ಮೆ ತುಂಬಿಸಿಟ್ಟ ತಮ್ಮನ ಗುನುಗು ಏಳುತ್ತದೆ, ಹ್ಮ್ ಎಂದು ಕೆಳಗೆಲ್ಲೋ ಶುರುವಾಗಿ, ಮೆಟ್ಟಿಲು ಹತ್ತುವವನ ಹಾಗೆ ನಿಧಾನಕ್ಕೆ ಮೇಲೆ ಹೋಗಿ, ಅಲ್ಲೊಂದು ಉಸಿರು ತೆಗೆದುಕೊಂಡು ಇಳಿಯುತ್ತದೆ, ಆ ಉಸಿರು ಕೇಳಿದ ಕೂಡಲೇ ಅವಳು ಹಾಡಬೇಕು, ಉಸಿರು ಬಂತು, ಬಾಯಿ ತೆರೆದಳು, ಟಣ್, ಚಮಚ ಬಿತ್ತು. ಎಷ್ಟು ಸಲ ಬೀಳಿಸುತ್ತಾರಪ್ಪ ಈ ಜನ, ಕೈಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದಾರೋ ಏನೋ, ಇರಲಿ, ಮುಂದಿನ ಸುತ್ತಿಗೆ ಹಿಡಿದುಕೊಳ್ಳೋಣ, ಹ್ಮ್, ಮೇಲೆ, ಉಸಿರು, ಟಣ್ – ಅದೇ ಟಣ್, ಅದೇ ಕುಪ್ಪಳಿಕೆ, ಅದರ ಬೆನ್ನಿಗೇ ಯಾವುದೋ ಹೆಂಗಸಿನ ದನಿ, ಇನ್ನೊಂದು ಕಪ್ ಕೊಡಿ, ಸಕ್ಕರೆ ಬೇಡ, ಆ ಮಾತನ್ನೂ ಈಗಷ್ಟೇ ಕೇಳಿದ್ದಳಲ್ಲ, ಕಣ್ಣು ಬಿಟ್ಟು ನೋಡಿದರೆ ಯಾರೂ ಬಗ್ಗಿ ಚಮಚ ಹುಡುಕುತ್ತಿಲ್ಲ, ಮೈಕಿಗೆ ಆತುಕೊಂಡಂತಿರುವ ಮುಂದಿನ ಮೇಜಿನಲ್ಲಿ ಆ ಹೆಂಗಸು ಆಗಲೇ ಕಪ್ ಹಿಡಿದು ಊದುತ್ತ ಕೂತಿದ್ದಾಳೆ, ಬಾಯಿ ಆಡಿಸುತ್ತಿಲ್ಲ, ಮತ್ತೆ ಈ ಮಾತು ಎಲ್ಲಿಂದ – ತಲೆ ತಗ್ಗಿಸಿ ಕಾಲ ಬಳಿ ನೋಡಿದಳು, ಹಸಿರು ಇರಬೇಕಾದ ಕಡೆ ಕೆಂಪು ದೀಪ.

ಅಯ್ಯೋ ಎಂದಳು, ಮನಸ್ಸಿನಲ್ಲಿ ಅಂದುಕೊಂಡೆನೆಂದೇ ತಿಳಿದಿದ್ದಳು, ಆದರೆ ಒಂದು ಸುತ್ತು ಬಳಸಿ ಬಂದು ಡಬ್ಬಿಯೂ ಅಯ್ಯೋ ಎಂದಿತು, ಅವಳದೇ ದನಿಯಲ್ಲಿ, ತಮ್ಮನ ಗುನುಗಿನ ನಡುನೆತ್ತಿಯ ಮೇಲೆ. ಡಬ್ಬಿಗೆ ಇರುವುದೇ ಒಂದು ಗುಂಡಿ, ಒಮ್ಮೆ ತುಳಿದರೆ ಹಸಿರು, ಒಳಗಿರುವುದನ್ನು ಹಾಡುತ್ತದೆ, ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ, ಹಾಡುತ್ತಿರುವಾಗ ಇನ್ನೊಮ್ಮೆ ತುಳಿದರೆ ಕೆಂಪು, ಮೈಕಿಗೆ ಬಂದದ್ದನ್ನೆಲ್ಲ ಇದ್ದದ್ದರ ಮೇಲೆ ಪೇರಿಸಿಕೊಳ್ಳುತ್ತ ಹೋಗುತ್ತದೆ, ಒತ್ತಿ ಹಿಡಿದರೆ ಎಲ್ಲ ಅಳಿಸಿ ಖಾಲಿ, ಇಷ್ಟೇ ವಿದ್ಯೆ, ತಮ್ಮ ಎಷ್ಟು ಸಲ ಬಡಕೊಂಡಿದ್ದ, ಒಂದೇ ಸಲ ತುಳಿ ಅಕ್ಕಾ, ಹಸಿರು ಬಂತಾ, ಕಾಲ್ ತೆಗಿ, ಅಲ್ಲೇ ನಾಟ್ಯ ಮಾಡ್ಬೇಡ. ಯಾವತ್ತೂ ಬರಿಗಾಲಲ್ಲೇ ತುಳಿಯುವವಳು, ಗುಂಡಿ ಕಟ್ ಎನ್ನುವುದು ಹೆಬ್ಬೆರಳಿಗೆ ತಿಳಿಯಬೇಕು, ಚಳಿಯಿರಲಿ ಧೂಳಿರಲಿ ಚಪ್ಪಲಿ ಬಿಟ್ಟೇ ನಿಲ್ಲುವವಳು, ಇವತ್ತು ಅಂಗಡಿಯವನು, ಅವಳು ಮನಸ್ಸಿನಲ್ಲೇ ಮೀಸೆ ಎಂದು ಹೆಸರಿಟ್ಟುಕೊಂಡವನು, ಬೆಳಿಗ್ಗೆ ಅಲ್ಲೇ ಒಂದು ಗ್ಲಾಸ್ ಒಡೀತು ಮೇಡಂ, ಗುಡಿಸಿದೀವಿ, ಆದ್ರೂ ಚೂರುಪಾರು ಇರುತ್ತೆ, ಶೂ ಹಾಕ್ಕೊಂಡೇ ಹಾಡಿ ಎಂದ, ಒಳ್ಳೆಯ ಮನುಷ್ಯ, ಅವನ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ, ದಪ್ಪ ಅಡಿಯ ಶೂ, ಎರಡು ಸಲ ತುಳಿದಿದ್ದೇ ಗೊತ್ತಾಗಲಿಲ್ಲ. ಈಗ ಮತ್ತೆ ತುಳಿದಳು, ಹಸಿರಾಗು, ಇನ್ನೊಮ್ಮೆ, ಆಗು ಮಾರಿ, ಕೆಂಪು ಕೆಂಪಾಗಿಯೇ ಇದೆ, ಹಠ, ಹಿಂದೆಯೂ ಒಮ್ಮೆ ಹೀಗೇ ಹಠ ಹಿಡಿದಿತ್ತು, ಯಾವುದೋ ಪುಸ್ತಕದಂಗಡಿಯ ಮಹಡಿಯಲ್ಲಿ, ಹಿಂದೆ ಕೂತು ನುಡಿಸುತ್ತಿದ್ದ ತಮ್ಮ ಎದ್ದು ಬಂದು ಬಗ್ಗಿ ನೋಡಿ ನಕ್ಕಿದ್ದ, ಇದಕ್ಕೆ ಈಗ ಒಂದೇ ಮದ್ದು ಅಕ್ಕಾ, ಒತ್ತಿ ಹಿಡಿ, ಎಲ್ಲ ಅಳಿಸು, ವೈರ್ ಕಿತ್ರೂ ಅಷ್ಟೇ, ಒಳಗಿದ್ದದ್ದೂ ಹೋಗುತ್ತೆ, ಹೋದ್ರೆ ಹೋಗ್ಲಿ ಬಿಡಕ್ಕಾ, ಗಂಟಲು ಇಲ್ಲೇ ಇದೆಯಲ್ಲ, ಎಲ್ಲಿಗೆ ಹೋಗುತ್ತೆ. ಅಳಿಸಿ, ಎಲ್ಲರೆದುರಿಗೇ ಇನ್ನೊಮ್ಮೆ ಗುನುಗಿ ತುಂಬಿಸಿಕೊಟ್ಟಿದ್ದ, ಅವತ್ತು ತುಂಬಿಸಿದ್ದೇ ಇವತ್ತಿಗೂ ಇರುವುದು, ಆಮೇಲೆ ಗಂಟಲಲ್ಲಿ ಏನೋ ಕಚ್ಚಿದ ಹಾಗೆ ಎಂದ, ಶೀತ ಎಂದರು, ಶೀತವಲ್ಲ ಎಂದರು, ಡಾಕ್ಟರು ಜೀವ ಉಳಿಸಿ ಧ್ವನಿಪೆಟ್ಟಿಗೆ ತೆಗೆದರು, ಆಸ್ಪತ್ರೆಯ ಮಂಚದ ಮೇಲೆ ಕೂತು ಫೋನಿನಲ್ಲಿ ಬರೆದು ತೋರಿಸಿದ ಪುಣ್ಯಾತ್ಮ, ಒಂದು ಪೆಟ್ಟಿಗೆ ಹೋಯ್ತು, ಇನ್ನೊಂದು ನಿನ್ನ ಕಾಲ ಹತ್ರ ಇದೆಯಲ್ಲ, ಹೋಗಿ ಹಾಡು.

ಹಾಡುತ್ತಲೇ ಇದ್ದಾಳೆ ಅವತ್ತಿನಿಂದ, ಒಬ್ಬಳೇ, ಗಿಟಾರು ಬೆನ್ನಿಗೆ, ಡಬ್ಬಿ ಚೀಲದಲ್ಲಿ ಸೀರೆಯ ನಡುವೆ, ಬಸ್ಸಿನಲ್ಲಿ ಚೀಲ ಮೇಲಿಡಿ ಅಮ್ಮಾ ಎಂದರೆ ಇಡುವುದಿಲ್ಲ, ತೊಡೆಯ ಮೇಲೇ ಇರುತ್ತದೆ, ಕರೆದವರ ಮನೆಯ ಸೋಫಾದಲ್ಲಿ ಮಲಗಿದಾಗ ತಲೆದಿಂಬಿನ ಪಕ್ಕದಲ್ಲಿ, ನಗುವವರು ನಗಲಿ. ಇನ್ನೆಲ್ಲೂ ಇಲ್ಲವೇ ಅವನ ದನಿ ಎಂದರೆ, ಇದೆ, ಫೋನಿನಲ್ಲಿ ಒಂದಿಷ್ಟು ಚೂರುಗಳಿವೆ, ಅಕ್ಕಾ ಬಸ್ ಬಂತು ಬೇಗ ಬಾ, ಚಾರ್ಜರ್ ತಗೊಂಡ್ಯಾ, ಅಷ್ಟೇ, ಹಾಡಿದ್ದು ಇದೊಂದೇ, ಮುಂದೆ ಬಂದು ಹಾಡೋ ಎಂದರೆ ನಾಚಿ ನೀರಾಗುವವನು, ಜನ ಹಿಡಿದ ವಿಡಿಯೋಗಳಲ್ಲಿ ಅವಳ ಗಂಟಲಿನದೇ ಅಬ್ಬರ, ಅವನದು ಎಲ್ಲೋ ತಳದಲ್ಲಿ. ಅದನ್ನ ಒಂದ್ಸಲ ಫೋನಿಗೆ ಹಾಕ್ಕೊಡಿ ಅತ್ತಿಗೆ, ಪುಟ್ಟಿಗೆ ಬೇಕಾಗುತ್ತೆ ಎಂದು ಊರಿಗೆ ಹೋದಾಗಲೆಲ್ಲ ತಮ್ಮನ ಹೆಂಡತಿ ಕೇಳುತ್ತಾಳೆ, ಪುಟ್ಟಿ ಹುಟ್ಟಿದ್ದು ಆಪರೇಷನ್ ಆದ ಮೇಲೆ, ಅಪ್ಪ ಮಾತಾಡಿದ್ದನ್ನು ಕಂಡ ಮಗುವಲ್ಲ ಅದು, ಆಯ್ತು ಮುಂದಿನ ಸಲ ಬಂದಾಗ ಎನ್ನುತ್ತಾಳೆ ಇವಳು, ಪ್ರತಿ ಸಲವೂ ಮುಂದಿನ ಸಲ, ಯಾಕೆಂದರೆ ನಕಲು ಮಾಡಿಕೊಂಡರೆ ಇದು ಒಂದು ದಿನ ಹೋಗುತ್ತದೆ ಎಂದು ಒಪ್ಪಿಕೊಂಡ ಹಾಗಲ್ಲವೇ, ಮತ್ತೆ, ಸುಳ್ಳೇಕೆ, ಅಲ್ಲಿ ಮನೆಯಲ್ಲಿ ಅವನಿಗೆ ಹೆಂಡತಿಯಿದ್ದಾಳೆ ಮಗುವಿದೆ, ಇಲ್ಲಿ ದಾರಿಯಲ್ಲಿ ಇವಳಿಗೆ ಇದೊಂದೇ ಇರುವುದು, ಹಂಚಿಕೊಳ್ಳಲು ಮನಸ್ಸು ಬರಲಿಲ್ಲ, ಹಾಳು ಮನಸ್ಸು. ಟಣ್. ಸಕ್ಕರೆ ಬೇಡ. ಅಯ್ಯೋ. ಈಗ ಅದರ ಮೇಲೆ ಬಾಗಿಲ ಗಂಟೆಯೂ ಹತ್ತಿತು, ಒಂದೊಂದು ಸುತ್ತಿಗೂ ಒಂದೊಂದು ಹೊರೆ, ಅಡಿಯಲ್ಲಿ ಅವನು.

ಸುಮ್ಮನಿದ್ದರೆ, ಎಂದುಕೊಂಡಳು, ಯಾರೂ ಏನೂ ಸದ್ದು ಮಾಡದಿದ್ದರೆ ಇದರ ಮೇಲೆ ಇನ್ನೇನೂ ಬೀಳುವುದಿಲ್ಲ, ತಂತಿಯಿಂದ ಕೈ ತೆಗೆದಳು, ಜನರಿಗೆ ಬಾಯ ಮೇಲೆ ಬೆರಳಿಟ್ಟು ತೋರಿಸಿದಳು, ಜನ ಪಾಪ ಒಳ್ಳೆಯವರು, ಇದೂ ಹಾಡಿನ ಒಂದು ಭಾಗ ಎಂದುಕೊಂಡು ಕಪ್ ಕೆಳಗಿಟ್ಟು ಉಸಿರು ಬಿಗಿಹಿಡಿದು ಕೂತರು, ಅಂಗಡಿಯೆಲ್ಲ ನಿಶ್ಶಬ್ದ, ಹ್ಮ್, ಮೇಲೆ, ಉಸಿರು, ಟಣ್, ಸಕ್ಕರೆ ಬೇಡ, ಅಯ್ಯೋ, ಕಿಣಿಕಿಣಿ, ಯಾರೋ ಕಿಸಕ್ಕನೆ ನಕ್ಕರು, ನಗು ಬಂದೇ ಬರುತ್ತದೆ, ಅವಳು ಆ ಕಡೆ ಕೂತಿದ್ದರೂ ನಗುತ್ತಿದ್ದಳು, ಆ ನಗುವೂ ಹತ್ತಿಕೊಂಡಿತು, ಮುಂದಿನ ಸುತ್ತಿನಲ್ಲಿ ತಮ್ಮ ಮೆಟ್ಟಿಲು ಹತ್ತುತ್ತಿದ್ದರೆ ಯಾರೋ ಅವನನ್ನು ನೋಡಿ ನಗುತ್ತಿದ್ದಾರೆ, ಆ ನಗುವಿಗೆ ಇನ್ನಿಬ್ಬರು ನಕ್ಕರು. ಮೈಕ್ ನಿಲ್ಲಿಸಿ ಎಂದು ಗಲ್ಲಾದ ಬಳಿ ನಿಂತ ಮೀಸೆಗೆ ಕೈಸನ್ನೆ ಮಾಡಿದಳು, ಮೈಕು ತೋರಿಸಿ, ಕತ್ತರಿಸುವ ಹಾಗೆ, ಅವನು ಆಯ್ತಾಯ್ತು ಎಂದು ತಲೆಯಾಡಿಸಿ ಯಾವುದೋ ಗುಂಡಿ ತಿರುಗಿಸಿದ, ದನಿ ಎರಡರಷ್ಟಾಯಿತು, ಹೆಬ್ಬೆರಳೆತ್ತಿ ತೋರಿಸುತ್ತಾನೆ, ಸರಿಯಾಯ್ತಾ ಮೇಡಂ, ಅವನ ಮುಖ ನೋಡಿದರೆ ಬೈಯುವುದಕ್ಕೂ ಆಗುವುದಿಲ್ಲ. ಯಾರಾದರೂ ಇದನ್ನು ಹೀಗೇ, ಹೇಗಿದೆಯೋ ಹಾಗೇ, ಫೋನಿನಲ್ಲಾದರೂ ಹಿಡಿದುಕೊಳ್ಳಿ ಎಂದು ಕೂಗಬೇಕು, ಕೂಗಿದರೆ ಆ ಕೂಗೂ ಅವನ ಮೇಲೇ ಬೀಳುತ್ತದೆ, ಅತ್ತರೂ ಬೀಳುತ್ತದೆ, ಮುಂದಿನ ಸಾಲಿನ ಕನ್ನಡಕದವನು ಇಷ್ಟು ಹೊತ್ತು ವಿಡಿಯೋ ಮಾಡಲು ಫೋನೆತ್ತಿ ಕಾಯುತ್ತಿದ್ದವನು ಇನ್ನೂ ಹಾಡೇ ಶುರುವಾಗಲಿಲ್ಲವಲ್ಲ ಎಂದುಕೊಂಡನೋ ಏನೋ, ಕೆಳಗಿಳಿಸಿ ಜೇಬಿಗೆ ಹಾಕಿಕೊಂಡ. ಹಾಕಬೇಡಿ, ಹಾಕಬೇಡಿ ಸ್ವಾಮಿ, ಎಂದು ಅವಳ ಕಣ್ಣು ಬೇಡಿತು, ಅವನು ಕಾಫಿ ಕಡೆ ನೋಡುತ್ತಿದ್ದ. ಎಷ್ಟು ಹೊತ್ತು ಹೀಗೆ, ಅಂಗಡಿ ಮುಚ್ಚುವವರೆಗೆ ನಿಂತಿರಬಹುದು, ಮುಚ್ಚುವಾಗ ವೈರ್ ಕೀಳಲೇಬೇಕು, ಕಿತ್ತರೆ ಹೋಯಿತು, ನಿಲ್ಲಿಸಿದರೂ ಹೋಯಿತು, ನಿಲ್ಲಿಸದಿದ್ದರೆ ಈ ರಾಶಿಯ ಅಡಿಯಲ್ಲಿ ಮುಳುಗಿ ಹೋಯಿತು, ಏನು ಮಾಡಲಿ, ಯಾರನ್ನು ಕೇಳಲಿ, ಕೇಳುವುದಾದರೆ ಒಬ್ಬನನ್ನೇ.

ಅವನು ಇಲ್ಲೇ ಇದ್ದಾನೆ, ಸ್ಟೂಲಿನ ಮೇಲೆ ನೀರಿನ ಬಾಟಲಿಗೆ ಒರಗಿಸಿಟ್ಟ ಫೋನಿನಲ್ಲಿ, ಪ್ರತಿ ಹಾಡುಗಾರಿಕೆಗೂ ಮನೆಯಿಂದ ವಿಡಿಯೋದಲ್ಲಿ ಕೂತು ನೋಡುತ್ತಾನೆ, ಹಿಂದೆ ಕೂರುವವನು ಈಗ ಮುಂದೆ ಕೂರುತ್ತಾನೆ, ತಂತಿ ಇಳಿದಿದ್ದರೆ ಕಿವಿ ಎಳೆದು ತೋರಿಸುತ್ತಾನೆ, ಚೆನ್ನಾಗಿದ್ದರೆ ಹುಬ್ಬು ಕುಣಿಸುತ್ತಾನೆ. ಅವನಿಗೆ ಎಲ್ಲ ಕೇಳಿಸಿದೆ, ಮೊದಲ ಟಣ್ ಬಿದ್ದಾಗಲೇ ತಿಳಿದಿರಬೇಕು, ಮುಖ ಫೋನಿಗೆ ಹತ್ತಿರ ತಂದಿದ್ದಾನೆ, ಬಾಯಿ ಅಕ್ಕಾ ಎನ್ನುತ್ತದೆ, ಸದ್ದಿಲ್ಲ, ಡಬ್ಬಿಯಲ್ಲಿ ದನಿಯಿದೆ ಬಾಯಿಲ್ಲ, ಫೋನಿನಲ್ಲಿ ಬಾಯಿದೆ ದನಿಯಿಲ್ಲ, ಎರಡರ ನಡುವೆ ಇವಳು, ಪೆದ್ದಿಯ ಹಾಗೆ. ಏನು ಮಾಡಲೋ, ಹುಬ್ಬೆತ್ತಿ ಕೇಳಿದಳು. ಅವನು ಅಂಗೈ ಎತ್ತಿ ಗಾಳಿಯಲ್ಲಿ ಎಡದಿಂದ ಬಲಕ್ಕೆ ಒರೆಸಿದ. ಅದು ಅವರಿಬ್ಬರ ಹಳೆಯ ಸನ್ನೆ, ಮುಷ್ಟಿ ಹಿಡಿದರೆ ನಿಲ್ಲಿಸು, ಎರಡು ಬೆರಳಾದರೆ ಇನ್ನೊಂದು ಸುತ್ತು, ಅಂಗೈ ಒರೆಸಿದರೆ ಅಳಿಸಿ ಮೊದಲಿಂದ ಹಾಡು. ಅಳಿಸು. ಇಲ್ಲ ಎಂದು ತಲೆಯಾಡಿಸಿದಳು, ಅವನು ಮತ್ತೆ ಒರೆಸಿದ, ಅವನ ಪಕ್ಕದಿಂದ ಒಂದು ಕೈ ಬಂದು ಆ ಕೈಯನ್ನು ಹಿಡಿದು ಕೆಳಗೆಳೆಯಿತು, ಅವನ ಹೆಂಡತಿ, ಬೇಡ ಅತ್ತಿಗೆ, ಬೇಡ, ಪುಟ್ಟಿಗೆ ಅದೊಂದೇ ಇರೋದು ಎನ್ನುತ್ತಿರಬೇಕು, ತಾಳಕ್ಕೆ ಅಡ್ಡಿಯಾಗದಿರಲೆಂದು ಇವಳೇ ಫೋನಿನ ಸದ್ದು ಪೂರ್ತಿ ಇಳಿಸಿಟ್ಟಿದ್ದಳು, ಇವತ್ತು ಆ ಮನೆಯಲ್ಲಿ ಯಾರಿಗೂ ದನಿಯಿಲ್ಲ. ಅವನು ಹೆಂಡತಿಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ, ಸಿಟ್ಟಿಲ್ಲ, ಜನ ಕೂತಿದ್ದಾರೆ ಕಣೇ, ಎದುರಿಗೆ ಜನ ಕೂತಿದ್ದಾರೆ, ಅಕ್ಕ ನಿಂತುಬಿಟ್ಟಿದ್ದಾಳೆ, ಅವನ ಮುಖದಲ್ಲಿ ಅಷ್ಟೇ ಇರುವುದು, ಇಷ್ಟು ವರ್ಷ ಹಿಂದೆ ಕೂತು ಇವಳ ಹಾಡು ಎಡವದ ಹಾಗೆ ನೋಡಿಕೊಂಡವನು, ಅವನಿಗೆ ಹಾಡು ನಿಲ್ಲಬಾರದು, ಯಾವ ಹಾಡೋ ಇದು, ಯಾರಿಗೆ ಬೇಕೋ, ಇವರಲ್ಲಿ ಅರ್ಧ ಜನ ಬಂದಿರುವುದೇ ಕಾಫಿಗೆ. ಮತ್ತೆ ಅಂಗೈ, ಎಡದಿಂದ ಬಲಕ್ಕೆ, ಅಷ್ಟರಲ್ಲಿ ಪುಟ್ಟಿ ಇಬ್ಬರ ನಡುವೆ ನುಗ್ಗಿ ಬಂದಳು, ಅಪ್ಪನ ಗುನುಗು ಕೇಳಿಸಿತೆಂದರೆ ಎಲ್ಲಿದ್ದರೂ ಓಡಿ ಬರುತ್ತಾಳೆ, ಇವಳು ಊರಿಗೆ ಹೋದಾಗಲೆಲ್ಲ ಡಬ್ಬಿಯನ್ನು ಸ್ಪೀಕರಿಗೆ ಜೋಡಿಸಿ, ಬಾರೇ, ಅಪ್ಪ ಇಲ್ಲಿದ್ದಾರೆ ನೋಡು ಎಂದು ಅವಳ ಕಿವಿಯನ್ನು ಸ್ಪೀಕರಿನ ಬಟ್ಟೆಗೆ ಹಚ್ಚಿ ಕೂರಿಸಿ ಅಭ್ಯಾಸ ಮಾಡಿಸಿದ್ದೇ ಇವಳು, ಪುಟ್ಟಿ ಫೋನಿಗೆ ಕೆನ್ನೆ ಒತ್ತಿದಳು, ಪರದೆಯ ತುಂಬ ಒಂದು ಕಿವಿ.

ಪುಟ್ಟ ಕಿವಿ, ಅಂಚು ಕೆಂಪಾಗಿದೆ, ಸ್ನಾನ ಮಾಡಿಸಿದ್ದಾರೆ, ಕೂದಲೆಳೆಯೊಂದು ಒದ್ದೆಯಾಗಿ ಅಂಟಿಕೊಂಡಿದೆ, ಕಿವಿಯ ಮೇಲುಗಡೆ ಉಳಿದ ಚೂರು ಜಾಗದಲ್ಲಿ ತಮ್ಮನ ಅಂಗೈ ಹೋಗುತ್ತದೆ ಬರುತ್ತದೆ, ಅಳಿಸು ಅಕ್ಕಾ, ಅಳಿಸು, ಟಣ್, ಸಕ್ಕರೆ ಬೇಡ, ಅಯ್ಯೋ, ಕಿಣಿಕಿಣಿ, ಕಿಸಕ್, ಅಡಿಯಲ್ಲೆಲ್ಲೋ ಅವನ ಉಸಿರು, ಈಗ ಅದು ಕೇಳಿಸುತ್ತದೆಯೋ ಇವಳೇ ನೆನಪಿನಿಂದ ಕೇಳಿಸಿಕೊಳ್ಳುತ್ತಿದ್ದಾಳೋ, ಕೇಳುತ್ತಿದೆ, ಪುಟ್ಟಿಗೆ ಕೇಳುತ್ತಿದೆ, ಇಲ್ಲದಿದ್ದರೆ ಕಿವಿ ಕೊಟ್ಟು ಯಾಕೆ ನಿಲ್ಲುತ್ತಿತ್ತು ಮಗು. ಮೇಡಂ ಹಾಡಿ ಎಂದರು ಯಾರೋ ಹಿಂದಿನಿಂದ, ಪ್ರೀತಿಯಿಂದಲೇ, ಒಂದು ಸುತ್ತು ಬಳಸಿ ಡಬ್ಬಿಯೂ ಹೇಳಿತು, ಮೇಡಂ ಹಾಡಿ, ಅಂಗಡಿಯೆಲ್ಲ ಗೊಳ್ಳೆಂದು ನಕ್ಕಿತು, ಆ ನಗುವನ್ನೂ ಡಬ್ಬಿ ಬಾಚಿಕೊಂಡಿತು, ಮುಂದಿನ ಸುತ್ತಿನಲ್ಲಿ ಅಷ್ಟೂ ಜನ ಅವನ ಮೇಲೆ ನಗುತ್ತಾರೆ, ಅವನು ಮನೆಯಲ್ಲಿ ಕೂತು ಕೇಳುತ್ತಾನೆ, ಮಗು ಕೇಳುತ್ತದೆ, ಅಪ್ಪನೆಂದರೆ ಇದು ಎಂದುಕೊಳ್ಳುತ್ತದೆ, ಬೇಡ, ಅದು ಬೇಡ, ಅಂಗೈ ಒರೆಸುತ್ತಲೇ ಇದೆ, ಆಯ್ತು ಕಣೋ, ಆಯ್ತು, ನೀನೇ ಹೇಳಿದ್ದು, ನಾನಲ್ಲ, ಕಾಲು ತಾನಾಗಿಯೇ ಮುಂದೆ ಹೋಯಿತು, ಶೂವಿನ ಅಡಿಯಲ್ಲಿ ಗುಂಡಿ ಇದೆಯೋ ಇಲ್ಲವೋ ಈಗಲೂ ತಿಳಿಯುವುದಿಲ್ಲ, ಮೈಭಾರವೆಲ್ಲ ಬಿಟ್ಟಳು, ಒತ್ತಿದಳು, ಹಿಡಿದಳು, ಹ್ಮ್ ಎಂದು ಅವನು ಕೆಳಗಿನಿಂದ ಶುರುಮಾಡಿದ, ಮೇಲೆ ಹತ್ತುತ್ತಿದ್ದ, ಉಸಿರಿನ ಹತ್ತಿರ ಬಂದಿದ್ದ –

ಕೆಂಪು ಆರಿತು. ಅಂಗಡಿಯಲ್ಲಿ ಎಂಥ ನಿಶ್ಶಬ್ದ, ಆಮೇಲೆ ಚಪ್ಪಾಳೆ, ಹೀಗೂ ಒಂದು ಹಾಡಿರುತ್ತದೆ ಎಂದುಕೊಂಡು ಮನಸಾರೆ ತಟ್ಟುತ್ತಿದ್ದಾರೆ, ಮೀಸೆ ಗಲ್ಲಾ ಬಿಟ್ಟು ಬಂದು ತಟ್ಟುತ್ತಿದ್ದಾನೆ, ಫೋನಿನ ಮೇಲಂಚಿನಲ್ಲಿ ಅಂಗೈ ಕಾಣುವುದಿಲ್ಲ, ಇಳಿಸಿದ್ದಾನೆ, ಕೆಲಸ ಆಯಿತಲ್ಲ, ಈಗ ಮೊದಲಿಂದ ಹಾಡಬೇಕು, ಡಬ್ಬಿ ಖಾಲಿ, ತಾನೇ ಗುನುಗಿ ತುಂಬಿಸಿದರೂ ಆಯಿತು, ಹ್ಮ್ ಎನ್ನಬೇಕು, ಕೆಳಗಿನಿಂದ, ಬಾಯಿ ತೆರೆದಳು, ಯಾವ ಸ್ವರ ಅದು, ಎಲ್ಲಿಂದ ಶುರುಮಾಡುತ್ತಿದ್ದ, ಇಷ್ಟು ವರ್ಷ ದಿನಾ ಕೇಳಿದ್ದು, ಯಾವ ಸ್ವರ – ಪರದೆಯ ತುಂಬ ಕಿವಿ, ಅದೊಂದು ಮಾತ್ರ ತೆಗೆದಿಲ್ಲ, ಕೇಳಿಸುತ್ತಿಲ್ಲವೆಂದು ಪುಟ್ಟಿ ಇನ್ನಷ್ಟು ಒತ್ತಿ ಹಿಡಿದಿದ್ದಾಳೆ, ಒದ್ದೆ ಕೂದಲೆಳೆ, ಕೆಂಪು ಅಂಚು, ಕಿವಿ, ಇನ್ನೂ ಕಿವಿ