ಮಣ್ಣು ಮೇಷ್ಟ್ರ ಹೊಳೆ

ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸುತ್ತಿದ್ದ ಕಿರಿಯ ಟೀಚರ್ ಕೈಯಿಂದ ಹೆಡ್‌ಮಾಸ್ಟರು ಬಟ್ಟೆ ಕಿತ್ತುಕೊಂಡರು.

“ಸಾಕಮ್ಮ, ಕುರ್ಚಿ ಸವೆದುಹೋಗುತ್ತೆ. ಮೇಷ್ಟ್ರ ಹೆಂಡ್ತಿ ಹತ್ರ ಹೋಗಿ ಕೂತ್ಕೊ. ಏನಾದ್ರೂ ಕೇಳಿದ್ರೆ, ಪಾಠ ಮಾಡ್ತಾ ಮಾಡ್ತಾನೇ ಹೋದ್ರು, ಪುಣ್ಯವಂತರು ಅನ್ನು. ಅದರ ಮುಂದಕ್ಕೆ ಎಳೀಬೇಡ.”

ಅವಳು ತಲೆಯಾಡಿಸಿದಳು. ನಿನ್ನೆ ಮಧ್ಯಾಹ್ನದಿಂದ ಒಂದು ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೇಷ್ಟ್ರ ದೇಹವನ್ನು ಅವರ ಮನೆಯ ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಹನ್ನೊಂದಕ್ಕೆ ಸ್ಮಶಾನಕ್ಕೊಯ್ಯುವ ಗಾಡಿ ಬರುವುದಿತ್ತು. ಏಳನೇ ತರಗತಿಯ ಮಕ್ಕಳು ಸಮವಸ್ತ್ರದಲ್ಲೇ ಬಂದು, ಯಾರೂ ಹೇಳದಿದ್ದರೂ ಬಾಗಿಲ ಪಕ್ಕ ಸಾಲಾಗಿ ನಿಂತಿದ್ದರು. ಮೇಷ್ಟ್ರ ಭಾವ, ಅಂದರೆ ಹೆಂಡತಿಯ ಅಣ್ಣ, ಬಂದಬಂದವರನ್ನೆಲ್ಲ ತಡೆದು ಕೇಳುತ್ತಿದ್ದರು.

“ಅಲ್ಲ ಸ್ವಾಮಿ, ಒದ್ದೆ ಮಣ್ಣು ತುಂಬಿದ ಟ್ರೇ ಅಂತೆ, ಇಬ್ಬರು ಹಿಡಿಯೋವಷ್ಟು ಭಾರ ಅಂತೆ. ಅದನ್ನ ಮಹಡಿಯಿಂದ ಒಬ್ರೇ ಯಾಕೆ ಹೊತ್ತು ತಂದ್ರು? ಅಷ್ಟು ದೊಡ್ಡ ಶಾಲೇಲಿ ಇನ್ನೊಂದು ಕೈ ಇರಲಿಲ್ವಾ?”

“ಅವರದ್ದು ಯಾವಾಗ್ಲೂ ಹಂಗೇ,” ಎಂದರು ಲೆಕ್ಕದ ಮೇಷ್ಟ್ರು. “ಯಾರಿಗೂ ಕಾಯೋ ಜಾಯಮಾನ ಅಲ್ಲ.”

ಕಿರಿಯ ಟೀಚರ್ ಮುಖ ತಿರುಗಿಸಿದಳು. ಕಾದಿದ್ದರು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

* * *

ಮಕ್ಕಳ ಬಾಯಲ್ಲಿ ಅವರು ಮಣ್ಣು ಮೇಷ್ಟ್ರು. ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದರೂ ಪುಸ್ತಕ ಬಿಚ್ಚುತ್ತಿದ್ದದ್ದು ಪರೀಕ್ಷೆ ತಲೆಯ ಮೇಲೆ ಬಂದಾಗ ಮಾತ್ರ. ಹಳೇ ಪೇಪರು ನೆನೆಸಿ, ಅರೆದು, ಅಂಟು ಬೆರೆಸಿ ಮಕ್ಕಳ ಕೈಯಲ್ಲೇ ಬೆಟ್ಟ ಮಾಡಿಸುತ್ತಿದ್ದರು. ಕಿತ್ತಳೆ ಸಿಪ್ಪೆಯನ್ನು ಹರಿಯದಂತೆ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ ನೋಡೋಣ ಎಂದು ಸವಾಲು ಹಾಕುತ್ತಿದ್ದರು. ಎಲ್ಲರದೂ ಹರಿದ ಮೇಲೆ, “ಈಗ ಗೊತ್ತಾಯ್ತಾ, ದುಂಡಗಿನ ಭೂಮೀನ ಕಾಗದದ ಮೇಲೆ ಬರೆಯೋನು ಯಾಕೆ ಸುಳ್ಳು ಹೇಳ್ಬೇಕಾಗುತ್ತೆ ಅಂತ?” ಎಂದು ಹಣ್ಣನ್ನು ಹಂಚುವ ನೆಪದಲ್ಲಿ ಅರ್ಧ ತಾವೇ ತಿನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಕಿರಿಯ ಟೀಚರ್ ಬಂದಳು. ಅವಳ ಜೊತೆ ಟ್ಯಾಬು, ಪ್ರೊಜೆಕ್ಟರು, ಕಣ್ಣಿಗೆ ಕಟ್ಟಿಕೊಂಡರೆ ಕಣಿವೆಯ ನಡುವೆಯೇ ನಿಲ್ಲಿಸುವ ದಪ್ಪ ಕನ್ನಡಕವೂ ಬಂದವು. ಇನ್ನು ಇವರಿಬ್ಬರದು ಎಣ್ಣೆ ಸೀಗೇಕಾಯಿ ಎಂದುಕೊಂಡರು ಎಲ್ಲರೂ. ಮೇಷ್ಟ್ರು ಕನ್ನಡಕ ಕಟ್ಟಿಕೊಂಡು, ಬಿದ್ದೇಹೋಗುತ್ತೇನೆಂಬಂತೆ ಮೇಜಿನ ಅಂಚು ಹಿಡಿದು ನಿಂತಿದ್ದು, ತೆಗೆದ ಮೇಲೆ ಹೇಳಿದರು: “ಚೆನ್ನಾಗಿದೆ ಕಣಮ್ಮ. ಬೆಟ್ಟ ಹತ್ತಿದ ಹಾಗೇ ಇದೆ. ಕಾಲು ಮಾತ್ರ ನೋಯಲ್ಲ.”

“ನೋಯ್ಬೇಕಾ ಸರ್?”

“ಸ್ವಲ್ಪ ನೋಯ್ಬೇಕು. ಇಲ್ದಿದ್ರೆ ಎತ್ತರ ಅಂದ್ರೇನು ಅಂತ ಹೆಂಗೆ ಗೊತ್ತಾಗುತ್ತೆ?”

ಆಮೇಲೆ ಇಬ್ಬರೂ ಸೇರಿಯೇ ಪಾಠ ಹೂಡತೊಡಗಿದರು. ಈ ಸಲ ಒಂದೇ ಹೊಳೆ: ಅವಳ ಪರದೆಯ ಮೇಲೆ ಆಕಾಶದಿಂದ ಕಂಡಂತೆ, ಅವರ ಟ್ರೇಯಲ್ಲಿ ಬೆಟ್ಟದಿಂದ ಸಮುದ್ರದವರೆಗೆ ಮಣ್ಣು ಕೊರೆದು ಹರಿಯುವಂತೆ. ನಿನ್ನೆ ಊಟದ ಬಿಡುವು ಮುಗಿಯುವ ಹೊತ್ತಿಗೆ ಮೇಷ್ಟ್ರು ಅವಳ ಕೋಣೆಯ ಬಾಗಿಲಲ್ಲಿ ಇಣುಕಿದರು. ಮೆಟ್ಟಿಲ ಮೇಲೆ ಮಕ್ಕಳ ಕೈಲಿ ಭಾರ ಹೊರಿಸುವವರಲ್ಲ ಅವರು.

“ಟ್ರೇಗೆ ಒಂದು ಕೈ ಹಾಕ್ತೀಯಾ? ಮಕ್ಕಳು ಕೆಳಗೆ ಕಾಯ್ತಿದಾರೆ.”

ಪ್ರೊಜೆಕ್ಟರ್ ಸತಾಯಿಸುತ್ತಿತ್ತು. “ಐದೇ ನಿಮಿಷ ಸರ್,” ಎಂದಳು, ತಲೆ ಎತ್ತದೆ.

ಮೇಷ್ಟ್ರು ಬಾಗಿಲಿಗೆ ಒರಗಿ ಕಾದರು. ಐದು ಹತ್ತಾಯಿತು, ಹತ್ತು ಹದಿನೈದಾಯಿತು. ಯಾವಾಗ ಹೋದರೋ ಅವಳು ನೋಡಲಿಲ್ಲ. ಕೊನೆಗೂ ಪರದೆಯ ಮೇಲೆ ಹೊಳೆ ಮೂಡಿ, ಅವಳು ಉಸಿರು ಬಿಡುವಷ್ಟರಲ್ಲಿ ಕೆಳಗೆ ಮಕ್ಕಳು ಕಿರುಚಿದರು.

* * *

“ಕನ್ನಡಕದ ಟೀಚರ್ ನೀನೇ ಅಲ್ವಾ?” ಎಂದರು ಮೇಷ್ಟ್ರ ಹೆಂಡತಿ. “ಬಾ, ಕೂತ್ಕೊ. ದಿನಾ ನಿನ್ನ ಸುದ್ದಿ ಹೇಳೋರು.”

ಅವಳು ಕೂತಳು. ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು, ಅವರ ಬೆನ್ನ ಹಿಂದೆ ಮೇಷ್ಟ್ರ ಹೆಂಡತಿಯ ಅಣ್ಣ. ಪುಣ್ಯವಂತರು ಎನ್ನಲು ಬಾಯಿ ತೆರೆದಳು. ಬಂದದ್ದು ಬೇರೆಯೇ.

“ಅಮ್ಮಾ, ಸರ್ ನನ್ನನ್ನ ಕರೆದಿದ್ರು. ಟ್ರೇ ಹಿಡಿಯೋಕೆ. ಐದು ನಿಮಿಷ ಅಂದೆ. ಕಾದ್ರು. ನಾನು ಏಳಲಿಲ್ಲ.”

ಹೆಡ್‌ಮಾಸ್ಟರು ಕೆಮ್ಮಿದರು.

“ಅಂದ್ರೆ ನಿನ್ನಿಂದ್ಲೇ…” ಎಂದು ಅಣ್ಣ ಮುಂದೆ ಬಂದರು.

“ಅಣ್ಣಾ, ನೀನು ಸುಮ್ನಿರು.”

ಮೇಷ್ಟ್ರ ಹೆಂಡತಿ ಅವಳ ಕಡೆ ತಿರುಗಿದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ವಾರದಿಂದ ಎದೆ ಹಿಡಿದ ಹಾಗಾಗುತ್ತೆ ಅಂತಿದ್ರು,” ಎಂದರು. “ಡಾಕ್ಟ್ರಿಗೆ ತೋರಿಸಿ ಅಂದೆ. ಹೊಳೆ ಪಾಠ ಒಂದು ಮುಗೀಲಿ ಅಂದ್ರು. ನಾನೂ ಹ್ಞೂಂ ಅಂದ್ಬಿಟ್ಟೆ.” ಸೆರಗಿನಿಂದ ಮುಖ ಒರೆಸಿಕೊಂಡರು. ಮತ್ತೆ ಮುಖ ಎತ್ತಿದಾಗ ಕೇಳಿದ್ದು ಇಷ್ಟೇ: “ಹೊಳೆ ಸಮುದ್ರ ಸೇರಿತಾ?”

“ಅಮ್ಮಾ?”

“ಎಂಟು ದಿನದಿಂದ ಅವರಿಗೆ ಅದೇ ಚಿಂತೆ. ಮಣ್ಣೇ ನೀರು ಕುಡಿದುಬಿಡುತ್ತೆ, ಅರ್ಧದಲ್ಲೇ ನಿಂತುಹೋಗುತ್ತೆ ಅಂತ ಊಟಕ್ಕೆ ಕೂತ್ರೂ ಗೊಣಗೋರು. ಸೇರಿತಾ?”

ಅವಳಿಗೆ ಗೊತ್ತಿರಲಿಲ್ಲ. ನಿನ್ನೆ ಟ್ರೇಯನ್ನು ದಾಟಿಯೇ ಓಡಿದ್ದಳು, ಅದರತ್ತ ಕಣ್ಣು ಹಾಯಿಸಿರಲಿಲ್ಲ. ದಿಕ್ಕು ತೋಚದೆ ಮಕ್ಕಳ ಸಾಲಿನ ಕಡೆ ತಿರುಗಿದಳು.

“ಸೇರ್ತು ಮಿಸ್,” ಎಂದಳು ಎರಡು ಜಡೆಯ ಹುಡುಗಿ. “ಆದ್ರೆ ಸರ್ ಗೆರೆ ಹಾಕಿದ್ದ ದಾರೀಲಲ್ಲ.”

“ಮತ್ತೆಲ್ಲಿ?” ಎಂದರು ಮೇಷ್ಟ್ರ ಹೆಂಡತಿ.

ಹುಡುಗಿಗೆ ಮಾತಿನಲ್ಲಿ ಹೇಳಲು ಬರಲಿಲ್ಲ. ಅಂಗಳಕ್ಕಿಳಿದು ಕುಕ್ಕರುಗಾಲಲ್ಲಿ ಕೂತು, ದೂಳಿನ ಮೇಲೆ ಬೆರಳಿಟ್ಟಳು. ಮೇಷ್ಟ್ರ ಹೆಂಡತಿ ಎದ್ದು ಹೋಗಿ ಎದುರಿಗೇ ಕೂತರು.

“ಇದು ಬೆಟ್ಟ. ಇಲ್ಲಿಗೆ ಬಂದು ನಿಂತ್ಬಿಡ್ತು. ಸರ್ ಸುಸ್ತು ಅಂತ ಮೆಟ್ಟಿಲ ಮೇಲೆ ಕೂತ್ಕೊಂಡ್ರು. ನೀನು ನೀರು ಸುರೀತಾ ಇರು, ನಿಲ್ಲಿಸ್ಬೇಡ ಅಂದ್ರು. ಎಲ್ರೂ ಸರ್ ಹತ್ರ ಓಡಿದ್ರು, ನಾನು ಸುರೀತಾನೇ ಇದ್ದೆ. ಆಮೇಲೆ ಈ ಕಡೆ ಕೊರೀತು, ತಾನಾಗೇ…”

ಗೇಟಿನೊಳಗೆ ಗಾಡಿ ಬಂದು ನಿಂತಿತು. ಡ್ರೈವರ್ ಇಳಿದವನು ನೆಲದ ಮೇಲೆ ಕೂತವರನ್ನು ಕಂಡು, ವಾಪಸು ಹೋಗಿ ಎಂಜಿನ್ ಆರಿಸಿದ. ಹುಡುಗಿಯ ಬೆರಳ ಗೆರೆ ಬಳುಕುತ್ತ ಬಂದು ಎರಡು ಕವಲಾಯಿತು, ಮೂರಾಯಿತು, ಮೇಷ್ಟ್ರ ಹೆಂಡತಿಯ ಪಾದದ ಬಳಿ ನಿಂತಿತು. ಅವರು ಕಾಲು ಹಿಂದಕ್ಕೆಳೆದುಕೊಂಡು ಹೊಳೆಗೆ ಜಾಗ ಬಿಟ್ಟರು.